ಜೋಕರ್ ಹಾದಿಯನ್ನು ಎರಡು ಸಲ ಕಟ್ಟಿದ್ದು

ಕೈಬಿಟ್ಟ ಕಲ್ಲುಕ್ವಾರಿಯೊಂದರ ಸಮತಟ್ಟಾದ ತಳ ನಮ್ಮ ಮೋಟಾರ್ ಕ್ರೀಡಾ ಸಂಘಕ್ಕೆ ದೊರೆತಾಗ, ಅಲ್ಲಿ ರ‍್ಯಾಲಿಕ್ರಾಸ್ ಟ್ರ್ಯಾಕಿನ ನಕ್ಷೆ ಹಾಕುವ ಕೆಲಸವನ್ನು ನನಗೆ ಒಪ್ಪಿಸಲಾಯಿತು. ಅದಕ್ಕೂ ಮೊದಲು ನಾನು ಹಲವು ವರ್ಷ ಮಾರ್ಷಲ್ ಆಗಿ ಬಾವುಟ ಹಿಡಿದಿದ್ದೆ, ಸಮಯ ದಾಖಲಿಸುವ ಮೇಜಿನ ಮುಂದೆ ಕುಳಿತಿದ್ದೆ, ಒಂದೆರಡು ಋತುಗಳಲ್ಲಿ ಕಾರನ್ನೂ ಓಡಿಸಿದ್ದೆ. ಹೀಗಾಗಿ ತಿರುವುಗಳನ್ನು ಹೇಗೆ ಜೋಡಿಸಬೇಕೆಂಬುದು ನನಗೆ ತಕ್ಕಮಟ್ಟಿಗೆ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಜೋಕರ್ ಹಾದಿಯ ವಿಷಯ. ಅದನ್ನು ನಾನು ಒಮ್ಮೆ ತಪ್ಪಾಗಿ ಕಟ್ಟಿ, ಕಿತ್ತು, ಮತ್ತೆ ಕಟ್ಟಬೇಕಾಯಿತು.

ಈ ಕ್ರೀಡೆಯ ಪರಿಚಯ ಇಲ್ಲದವರಿಗಾಗಿ ಒಂದೆರಡು ಮಾತು. ರ‍್ಯಾಲಿಕ್ರಾಸ್ ಹುಟ್ಟಿದ್ದು 1967ರ ಫೆಬ್ರವರಿಯಲ್ಲಿ, ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಲಿಡನ್ ಹಿಲ್ ಎಂಬಲ್ಲಿ, ದೂರದರ್ಶನದಲ್ಲಿ ತೋರಿಸುವುದಕ್ಕಾಗಿಯೇ ಏರ್ಪಡಿಸಿದ ಒಂದು ಪಂದ್ಯವಾಗಿ. ಅಂದು ಗೆದ್ದವರು ಪೋರ್ಷೆ 911 ಓಡಿಸಿದ ವಿಕ್ ಎಲ್‌ಫೋರ್ಡ್. ಕ್ಯಾಮೆರಾಗಳ ಕಣ್ಣಳತೆಯೊಳಗೆ ಓಟ ಮುಗಿಯಬೇಕೆಂಬ ಆ ಮೊದಲ ಉದ್ದೇಶ ಇಂದಿಗೂ ಟ್ರ್ಯಾಕಿನ ಅಳತೆಯಲ್ಲಿ ಉಳಿದಿದೆ. ಸ್ವೀಡನ್ನಿನ ಹೆಸರಾಂತ ಹೋಲ್ಯೆಸ್ ಟ್ರ್ಯಾಕ್ ಕೂಡ ಸುಮಾರು 1.2 ಕಿಲೋಮೀಟರ್ ಉದ್ದದ್ದು. ಸ್ವಲ್ಪ ಭಾಗ ಡಾಂಬರು, ಉಳಿದದ್ದು ಮಣ್ಣು ಅಥವಾ ಜಲ್ಲಿ. 2014ರಲ್ಲಿ ಆರಂಭವಾದ ವಿಶ್ವ ಚಾಂಪಿಯನ್‌ಶಿಪ್ಪಿನ ಮೊದಲ ವರ್ಷಗಳ ಮಾದರಿಯಲ್ಲಿ ಹೀಟ್ (ಅರ್ಹತೆಯ ಓಟ) ಎಂದರೆ ಐದು ಕಾರು, ನಾಲ್ಕು ಸುತ್ತು. ಸೆಮಿಫೈನಲ್ ಮತ್ತು ಫೈನಲ್ ಎಂದರೆ ಆರು ಕಾರು, ಆರು ಸುತ್ತು. ನಾಲ್ಕು ಸುತ್ತಿನ ಓಟದಲ್ಲಿ ಮೊದಲ ತಿರುವಿಗೆ ಯಾರು ಮೊದಲು ತಲುಪುತ್ತಾರೋ ಅವರೇ ಗೆದ್ದು ಬಿಡಬಾರದಲ್ಲ? ಅದಕ್ಕಾಗಿಯೇ ಜೋಕರ್ ನಿಯಮ: ಪ್ರತಿ ಚಾಲಕ ಪ್ರತಿ ಓಟದಲ್ಲಿ ಒಂದು ಸಲ, ಒಂದೇ ಸಲ, ಮುಖ್ಯ ಹಾದಿಯನ್ನು ಬಿಟ್ಟು ಪಕ್ಕದ ಬೇರೊಂದು ಹಾದಿ ಹಿಡಿಯಬೇಕು. ಯಾವ ಸುತ್ತಿನಲ್ಲಿ ಎಂಬುದು ಅವರ ಆಯ್ಕೆ. ಯುರೋಪಿನ ಪದ್ಧತಿಯಲ್ಲಿ ಈ ಹಾದಿ ಸುತ್ತಿನ ಸಮಯವನ್ನು ಕನಿಷ್ಠ ಎರಡು ಸೆಕೆಂಡಿನಷ್ಟು ಹೆಚ್ಚಿಸಬೇಕು. ಅಮೆರಿಕದಲ್ಲಿ ನಡೆಯುತ್ತಿದ್ದ ಗ್ಲೋಬಲ್ ರ‍್ಯಾಲಿಕ್ರಾಸ್ ಸರಣಿಯಲ್ಲಿ ಸಾಮಾನ್ಯವಾಗಿ ಅದು ಸಮಯ ಉಳಿಸುವ ಅಡ್ಡದಾರಿಯಾಗಿತ್ತು.

ನಾನು ಮೊದಲ ನಕ್ಷೆಯಲ್ಲಿ ಯೋಚಿಸಿದ್ದು ಆ ಸೆಕೆಂಡುಗಳ ಬಗ್ಗೆ ಮಾತ್ರ. ನಮ್ಮ ಮುಖ್ಯ ಹಾದಿ 1,050 ಮೀಟರ್. ಸಂಘದ ಸದಸ್ಯರ ಕಾರುಗಳು ಅದನ್ನು ಸುಮಾರು 46 ಸೆಕೆಂಡಿನಲ್ಲಿ ಸುತ್ತುತ್ತಿದ್ದವು. ಹಿಂಬದಿಯ ನೇರ ಹಾದಿ ಮುಗಿಯುವಲ್ಲಿ ಹೊರಗಡೆಗೆ ಒಂದು ಜಲ್ಲಿಯ ಕುಣಿಕೆ ಬರೆದು, ಅದಕ್ಕೊಂದು ಕಾರು ಪೂರ್ತಿ ಹಿಂದಕ್ಕೆ ಹೊರಳಬೇಕಾದ ಬಿಗಿಯಾದ ಹೇರ್‌ಪಿನ್ ಸೇರಿಸಿ, ಮೂರು ಸೆಕೆಂಡು ಹೆಚ್ಚಾಗುವಂತೆ ನೋಡಿಕೊಂಡೆ. ಅದು ಮತ್ತೆ ಮುಖ್ಯ ಹಾದಿಗೆ ಕೂಡುವ ಸ್ಥಳ ಎಲ್ಲಿ ಬಿದ್ದರೆ ಅಲ್ಲಿ ಬಿತ್ತು. ಬಿದ್ದದ್ದು ಐದನೆಯ ತಿರುವಿಗೆ ಬ್ರೇಕ್ ಹಾಕುವ ಜಾಗದಲ್ಲಿ, ಅದೂ ಎಲ್ಲರೂ ಹಿಡಿಯುವ ಗೆರೆಯ ಮೇಲೆಯೇ.

ಪರೀಕ್ಷೆಯ ದಿನ ಎರಡು ಕಾರುಗಳನ್ನು ಮಾತ್ರ ಬಿಟ್ಟಿದ್ದೆವು. ಒಂದು ಜೋಕರ್ ಮುಗಿಸಿ, ಹೇರ್‌ಪಿನ್ನಿನಿಂದ ಹಿಂಬದಿಯನ್ನು ಜಾರಿಸುತ್ತಾ, ಮೂತಿಯನ್ನು ಇನ್ನೂ ನೇರ ಮಾಡಿಕೊಳ್ಳದೆ ಹೊರಬಂತು. ಇನ್ನೊಂದು ನೇರ ಹಾದಿಯ ಪೂರ್ಣ ವೇಗದಿಂದ ಬ್ರೇಕ್ ತುಳಿಯುತ್ತಾ ಅದೇ ಜಾಗಕ್ಕೆ ಬಂತು. ಹೊರಬಂದವನಿಗೆ ಪಕ್ಕದ ಕಿಟಕಿಯಲ್ಲಿ ಕಂಡದ್ದು ತನ್ನದೇ ಧೂಳು. ನೇರ ಬಂದವನು ಎಡಗಡೆಯ ಎರಡು ಚಕ್ರಗಳನ್ನು ಹುಲ್ಲಿನ ಮೇಲೆ ಇಳಿಸಿ ಪಾರಾದ. ಕನ್ನಡಿಯೊಂದು ಮಾತ್ರ ಮುರಿಯಿತು. ಆತ ಕಾರಿನಿಂದಿಳಿದು ನನ್ನ ಬಳಿಗೆ ಬಂದು, ಆ ಮುರಿದ ಕನ್ನಡಿಯ ಕವಚವನ್ನು ನನ್ನ ಕೈಗಿತ್ತು, ಒಂದು ಮಾತೂ ಆಡದೆ ಹಿಂತಿರುಗಿದ. ಐದು ಕಾರುಗಳನ್ನು ಒಟ್ಟಿಗೆ ಬಿಟ್ಟಿದ್ದರೆ ಏನಾಗುತ್ತಿತ್ತೆಂದು ಯೋಚಿಸುತ್ತಾ ಆ ಸಂಜೆಯೇ ಹಾದಿಯನ್ನು ಮುಚ್ಚಿಸಿದೆ.

ಎರಡನೆಯ ಸಲ ನಕ್ಷೆಯನ್ನು ಹಿಂದುಮುಂದಾಗಿ ಬರೆದೆ. ಮೊದಲು ಕೂಡುವ ಜಾಗವನ್ನು ಗುರುತಿಸಿ, ಅಲ್ಲಿಂದ ಹಿಂದಕ್ಕೆ ಜೋಕರ್ ಹಾದಿಯನ್ನು ಎಳೆಯುತ್ತಾ ಹೋಗಿ, ಕೊನೆಗೆ ಕವಲು ಎಲ್ಲಿ ಒಡೆಯಬೇಕೆಂದು ನಿರ್ಧರಿಸಿದೆ. ಕೂಡುವ ಜಾಗಕ್ಕೆ ನಾನು ಇಟ್ಟುಕೊಂಡ ಷರತ್ತುಗಳು ಮೂರೇ: ಎರಡೂ ಹಾದಿಗಳ ಕಾರುಗಳು ಅಲ್ಲಿ ವೇಗ ಹೆಚ್ಚಿಸಿಕೊಳ್ಳುತ್ತಿರಬೇಕೇ ಹೊರತು ಬ್ರೇಕ್ ಹಾಕುತ್ತಿರಬಾರದು, ಎರಡರ ವೇಗದ ಅಂತರ ಸಣ್ಣದಾಗಿರಬೇಕು, ಮತ್ತು ಹೊರಬರುವ ಕಾರು ಸ್ವಲ್ಪ ದೂರ ಮುಖ್ಯ ಹಾದಿಗೆ ಸಮಾನಾಂತರವಾಗಿ ಓಡಬೇಕು. ಇವು ಮೂರೂ ಒದಗಿದ್ದು ಒಂದು ನಿಧಾನ ತಿರುವಿನ ನಂತರದ ಪುಟ್ಟ ನೇರ ಹಾದಿಯಲ್ಲಿ. ಅಲ್ಲಿ ನಲವತ್ತು ಮೀಟರ್ ಉದ್ದದ ಬಿಳಿ ಗೆರೆ ಎಳೆಸಿ, ಗೆರೆ ಮುಗಿಯುವವರೆಗೆ ಎರಡು ಕಡೆಯವರೂ ಅದನ್ನು ದಾಟಕೂಡದು, ಮುಗಿದ ಮೇಲೆ ಮುಖ್ಯ ಹಾದಿಯಲ್ಲಿರುವವರಿಗೆ ಆದ್ಯತೆ ಎಂದು ಬರೆದೆ. ಕವಲು ಅದಕ್ಕೂ ಒಂದು ತಿರುವು ಹಿಂದೆ, ಚಾಲಕರು ಈಗಾಗಲೇ ವೇಗ ತಗ್ಗಿಸಿರುವ ಜಾಗಕ್ಕೆ ಬಂತು.

ಕವಲಿನಲ್ಲೂ ಒಂದು ಪಾಠವಿತ್ತು. ಎರಡು ಹಾದಿಗಳು ಒಡೆಯುವಲ್ಲಿ ಉಳಿಯುವ ತ್ರಿಕೋನದ ತುದಿ, ಅಂದರೆ ಮೂಗು, ಇಡೀ ಟ್ರ್ಯಾಕಿನಲ್ಲಿ ಅತ್ಯಂತ ಅಪಾಯದ ಸ್ಥಳ. ಜೋಕರ್ ಹಿಡಿಯಲೋ ಬೇಡವೋ ಎಂದು ಕೊನೆಯ ಗಳಿಗೆಯವರೆಗೂ ಅನುಮಾನಿಸುವ ಚಾಲಕ, ಎರಡನ್ನೂ ಬಿಟ್ಟು ನೇರ ಆ ಮೂಗಿಗೇ ಬಂದು ಗುದ್ದುತ್ತಾನೆ. ಚೆಂದ ಕಾಣಲೆಂದು ಟೈರುಗಳ ಗೋಡೆಯನ್ನು ತುದಿಯವರೆಗೂ ತಂದಿದ್ದವನು ನಾನೇ. ಅದನ್ನು ಹದಿನೈದು ಮೀಟರ್ ಹಿಂದಕ್ಕೆ ಸರಿಸಿ, ಮುಂದಿನ ಜಾಗಕ್ಕೆ ಸಡಿಲ ಜಲ್ಲಿ ತುಂಬಿಸಿದೆ. ಅನುಮಾನಿಸುವವರು ಈಗ ಜಲ್ಲಿಯಲ್ಲಿ ಹೂತು ನಿಲ್ಲುತ್ತಾರೆ.

ಇನ್ನು ಸೆಕೆಂಡುಗಳ ಲೆಕ್ಕ. ಎಲ್ಲರೂ ಒಂದೊಂದು ಸಲ ಅದೇ ಹಾದಿಯಲ್ಲಿ ಹೋಗಲೇಬೇಕಾದ್ದರಿಂದ, ಜೋಕರ್ ಎಷ್ಟು ಉದ್ದವಿದ್ದರೂ ಫಲಿತಾಂಶಕ್ಕೆ ವ್ಯತ್ಯಾಸವಾಗದೆಂದು ನಾನು ಬಹಳ ಕಾಲ ನಂಬಿದ್ದೆ. ಕಾಗದದ ಮೇಲೆ ಅದು ನಿಜ, ಓಟದಲ್ಲಿ ಅಲ್ಲ. ಮುಂದಿರುವವನನ್ನು ಅ, ಅವನ ಬೆನ್ನಿಗೆ ಅರ್ಧ ಸೆಕೆಂಡು ಹಿಂದಿರುವವನನ್ನು ಬ ಎನ್ನೋಣ. ಎದುರು ಖಾಲಿಯಿದ್ದರೆ ಬ ಪ್ರತಿ ಸುತ್ತಿನಲ್ಲಿ 0.6 ಸೆಕೆಂಡು ವೇಗವಾಗಿ ಓಡಬಲ್ಲ, ಆದರೆ ದಾಟಲು ಜಾಗವಿಲ್ಲ. ಅವನು ಮೊದಲ ಸುತ್ತಿನಲ್ಲೇ ಜೋಕರ್ ಹಿಡಿದರೆ ಮೂರು ಸೆಕೆಂಡು ಕಳೆದುಕೊಂಡು 3.5 ಸೆಕೆಂಡು ಹಿಂದೆ ಬೀಳುತ್ತಾನೆ. ಎರಡನೆಯ ಮತ್ತು ಮೂರನೆಯ ಸುತ್ತಿನಲ್ಲಿ ಸ್ವಚ್ಛಂದವಾಗಿ ಓಡಿ ಅಂತರವನ್ನು 2.3ಕ್ಕೆ ಇಳಿಸುತ್ತಾನೆ; ಕೊನೆಯ ಸುತ್ತಿನಲ್ಲಿ ಅ ತನ್ನ ಜೋಕರ್ ತೀರಿಸಿ ಹೊರಬರುವಾಗ ಬ ಮುಂದೆ ಹೋಗಿರುತ್ತಾನೆ. ಆದರೆ ಈ ಲೆಕ್ಕ ನಿಲ್ಲುವುದು ಆ ಮೂರೂವರೆ ಸೆಕೆಂಡಿನ ನಡುವೆ ಬೇರೆ ಕಾರು ಇಲ್ಲದಿದ್ದಾಗ ಮಾತ್ರ. ಮೊದಲ ಸುತ್ತಿನಲ್ಲಿ ಐದು ಕಾರುಗಳೂ ಸುಮಾರು ಮೂರು ಸೆಕೆಂಡಿನೊಳಗೆ ಒತ್ತಾಗಿ ಬರುತ್ತವೆ. ಜೋಕರಿನ ಹೊರೆ ಒಂದೂವರೆ ಸೆಕೆಂಡಾದರೆ ಹಿಡಿದವನು ಆ ಗುಂಪಿನ ನಡುವೆ ಬಂದು ಸಿಕ್ಕಿಕೊಳ್ಳುತ್ತಾನೆ, ಜೊತೆಗೆ ಕೂಡುವ ಜಾಗದಲ್ಲಿ ಡಿಕ್ಕಿಯ ಸಂಭವವೂ ಹೆಚ್ಚು. ಮೂರು ಸೆಕೆಂಡಾದರೆ ಗುಂಪಿನ ಹಿಂದಿನ ಖಾಲಿ ಜಾಗಕ್ಕೆ ಇಳಿಯುತ್ತಾನೆ. ಕನಿಷ್ಠ ಎರಡು ಸೆಕೆಂಡು ಎಂಬ ನಿಯಮದ ಹಿಂದಿನ ಜಾಣ್ಮೆ ನನಗೆ ಅರ್ಥವಾದದ್ದು ನಮ್ಮದೇ ಸಮಯಪಟ್ಟಿಯನ್ನು ಮುಂದಿಟ್ಟುಕೊಂಡಾಗ.

ಆ ಮೂರು ಸೆಕೆಂಡು ದಿನವಿಡೀ ಮೂರಾಗಿ ಉಳಿಯುವುದಿಲ್ಲ ಎಂಬುದು ಮುಂದಿನ ತಲೆನೋವು. ನಮ್ಮ ಜೋಕರ್ ಹಾದಿ ಪೂರ್ತಿ ಜಲ್ಲಿಯದು. ಬೆಳಗ್ಗೆ ಸಡಿಲ ಜಲ್ಲಿಯ ಮೇಲೆ 3.1 ಸೆಕೆಂಡು ಹೆಚ್ಚು ಬೇಕಾಗುತ್ತಿದ್ದದ್ದು, ಹೀಟುಗಳು ಮುಂದುವರಿದಂತೆ ಚಕ್ರಗಳು ಜಲ್ಲಿಯನ್ನು ಅಂಚಿಗೆ ಗುಡಿಸಿ ಹಾಕಿ, ಗಟ್ಟಿ ತಳ ಮೇಲೆದ್ದು, ಮಧ್ಯಾಹ್ನದ ಹೊತ್ತಿಗೆ 1.9ಕ್ಕೆ ಇಳಿದಿತ್ತು. ಅದೇ ಹೊತ್ತಿಗೆ ಮುಖ್ಯ ಹಾದಿಯ ಮಣ್ಣಿನ ಭಾಗ ಗುಂಡಿ ಬಿದ್ದು ನಿಧಾನವಾಗಿತ್ತು, ಆದರೆ ಅದು ಎಲ್ಲರಿಗೂ ಸಮಾನ. ಬೆಳಗ್ಗೆ ಓಡಿದವರಿಗೊಂದು ಜೋಕರ್, ಸಂಜೆ ಓಡಿದವರಿಗೊಂದು ಜೋಕರ್ ಆಗಬಾರದೆಂದು, ಈಗ ಪ್ರತಿ ಎರಡು ಹೀಟುಗಳಿಗೊಮ್ಮೆ ಟ್ರ್ಯಾಕ್ಟರಿನ ಹಿಂದೆ ಕಬ್ಬಿಣದ ಹಲಗೆ ಕಟ್ಟಿ ಜಲ್ಲಿಯನ್ನು ಮತ್ತೆ ನಡುವಿಗೆ ಎಳೆಸುತ್ತೇವೆ. ಧೂಳಿಗೆ ನೀರು ಚಿಮುಕಿಸುವಾಗಲೂ ಎಚ್ಚರ ಬೇಕು: ಹೇರ್‌ಪಿನ್ನಿಗೆ ತುಸು ಹೆಚ್ಚು ನೀರು ಬಿದ್ದ ಒಂದು ದಿನ ಅಂತರ ನಾಲ್ಕು ಸೆಕೆಂಡು ದಾಟಿತ್ತು.

ಟ್ರ್ಯಾಕ್ ಒಂದು ಹಂತಕ್ಕೆ ಬಂದ ಮೇಲೆ ನಿಯಮಗಳ ಕರಡು ಬರೆಯಲು ಕುಳಿತೆ. ಹಾದಿಯ ನಕ್ಷೆಯನ್ನೂ ನಿಯಮದ ಕರಡನ್ನೂ ಬೇರೆ ಬೇರೆಯವರ ಕೈಗೆ ಕೊಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಜೋಕರ್ ಹಿಡಿಯದವನಿಗೆ ಹೀಟಿನಲ್ಲಿ 30 ಸೆಕೆಂಡು ದಂಡ, ಸೆಮಿಫೈನಲ್ ಮತ್ತು ಫೈನಲಿನಲ್ಲಿ ಕೊನೆಯ ಸ್ಥಾನ ಎಂಬುದು ಸುಲಭವಾಗಿ ಬರೆಯಬಹುದಾದ ಸಾಲು. ಎರಡು ಸಲ ಹಿಡಿದವನಿಗೆ ಏನು? ಹೆಚ್ಚು ಸಮಯ ಹಿಡಿಯುವ ಹಾದಿಯನ್ನು ಎರಡು ಸಲ ಸುತ್ತಿದರೆ ಅವನಿಗೇ ನಷ್ಟ, ಪ್ರತ್ಯೇಕ ದಂಡವೇಕೆ ಎಂದು ಹಿರಿಯ ಸ್ಟೀವರ್ಡ್ (ಪಂದ್ಯದ ತೀರ್ಪುಗಾರ) ಒಬ್ಬರು ಕೇಳಿದರು. ಅದಕ್ಕೆ ಉತ್ತರ ಮೂರನೆಯ ಕೂಟದಲ್ಲೇ ಸಿಕ್ಕಿತು: ಗೆಲ್ಲುವ ಆಸೆ ಉಳಿದಿರದ ಒಬ್ಬ, ತನ್ನ ಗೆಳೆಯನ ಎದುರಾಳಿಗಿಂತ ತುಸು ಮುಂದೆ ಎರಡನೆಯ ಬಾರಿ ಜೋಕರಿಗೆ ನುಗ್ಗಿ, ಇಕ್ಕಟ್ಟಾದ ಆ ಹಾದಿಯಲ್ಲಿ ಮೆಲ್ಲಗೆ ಸಾಗಿ ಎದುರಾಳಿಯನ್ನು ಕಟ್ಟಿಹಾಕಿದ. ಅಂದಿನಿಂದ ಎರಡನೆಯ ಜೋಕರಿಗೂ 30 ಸೆಕೆಂಡು ದಂಡ. ಹಾದಿಯನ್ನೂ ಹತ್ತು ಮೀಟರಿಗೆ ಅಗಲಿಸಿದೆವು.

ಜೋಕರಿನೊಳಗೆ ಕಾರು ಕೆಟ್ಟು ನಿಂತರೆ ಏನೆಂಬುದು ಇದಕ್ಕಿಂತ ತೊಡಕಿನ ಪ್ರಶ್ನೆ. ಮುಖ್ಯ ಹಾದಿಯಲ್ಲಾದರೆ ಎಚ್ಚರಿಕೆಯ ಹಳದಿ ಬಾವುಟ ತೋರಿಸಿ ಓಟ ಮುಂದುವರಿಸಬಹುದು. ಜೋಕರ್ ಮುಚ್ಚಿಹೋದರೆ, ಆಗಲೇ ಹಿಡಿದವರು ಕರ್ತವ್ಯ ಮುಗಿಸಿದ್ದಾರೆ, ಹಿಡಿಯದವರಿಗೆ ದಾರಿಯೇ ಇಲ್ಲ. ನಮ್ಮ ನಿಯಮ ಹೀಗಿದೆ: ಒಂದು ಕಾರು ಸುರಕ್ಷಿತವಾಗಿ ನುಸುಳುವಷ್ಟು ಜಾಗವಿದ್ದರೆ ಹಳದಿ ಬಾವುಟದಡಿ ಜೋಕರ್ ತೆರೆದೇ ಇರುತ್ತದೆ, ಇಲ್ಲದಿದ್ದರೆ, ಒಬ್ಬನೇ ಒಬ್ಬ ಚಾಲಕನ ಜೋಕರ್ ಬಾಕಿಯಿದ್ದರೂ, ಕೆಂಪು ಬಾವುಟ ತೋರಿಸಿ ಓಟವನ್ನು ಮೊದಲಿನಿಂದ ಆರಂಭಿಸಬೇಕು, ಮತ್ತು ಆಗಲೇ ತೀರಿಸಿದವರೂ ಮತ್ತೆ ತೀರಿಸಬೇಕು. ಮುಂದಿದ್ದವರಿಗೆ ಇದರಿಂದ ಅನ್ಯಾಯವಾಗುತ್ತದೆಂದು ಗೊತ್ತಿದ್ದೂ ಬರೆದಿದ್ದೇನೆ, ಏಕೆಂದರೆ ಇದಕ್ಕಿಂತ ಕಡಿಮೆ ಅನ್ಯಾಯದ ದಾರಿ ನನಗೆ ಹೊಳೆಯಲಿಲ್ಲ.

ಯಾರು ಹಿಡಿದರು, ಯಾರು ಬಿಟ್ಟರು ಎಂಬ ದಾಖಲೆಯನ್ನು ನಾವು ಮೊದಲು ಒಬ್ಬ ಮಾರ್ಷಲ್ ಕೈಯ ಹಾಳೆ ಮತ್ತು ಪೆನ್ಸಿಲ್ಲಿಗೆ ಬಿಟ್ಟಿದ್ದೆವು. ಮಳೆ ಹನಿಯುತ್ತಿದ್ದ ಒಂದು ದಿನ 17ನೇ ನಂಬರಿನ ಕಾರಿನ ಬಾಗಿಲ ಮೇಲೆ ಕೆಸರು ರಾಚಿ, ಏಳರ ಅಡ್ಡಗೆರೆ ಮುಚ್ಚಿಹೋಗಿ 11 ಎಂದು ಕಾಣುತ್ತಿತ್ತು. ಹಾಳೆಯಲ್ಲಿ 11ರ ಮುಂದೆ ಎರಡು ಗುರುತು, 17ರ ಮುಂದೆ ಒಂದೂ ಇಲ್ಲ. ಇಬ್ಬರಿಗೂ ದಂಡ ಬಿತ್ತು. ಪ್ರೇಕ್ಷಕರೊಬ್ಬರ ವಿಡಿಯೊ ನೋಡಿ ಅದನ್ನು ಹಿಂಪಡೆಯುವಷ್ಟರಲ್ಲಿ ಮುಂದಿನ ಹೀಟಿನ ಗ್ರಿಡ್, ಅಂದರೆ ಹೊರಡುವ ಕಾರುಗಳ ಸಾಲು, ನಿಂತಾಗಿತ್ತು. ಈಗ ಜೋಕರ್ ಹಾದಿಯ ಕೊನೆಯಲ್ಲಿ ನೆಲದಡಿ ಟೈಮಿಂಗ್ ತಂತಿಯನ್ನು ಹೂಳಿದ್ದೇವೆ, ಕಾರಿನ ಗುರುತಿನ ಸಂಕೇತ ಕಳಿಸುವ ಟ್ರಾನ್ಸ್‌ಪಾಂಡರ್ ಅದನ್ನು ದಾಟಿದರೆ ಮಾತ್ರ ಲೆಕ್ಕ. ಹಾಳೆ ಹಿಡಿದ ಮಾರ್ಷಲ್ ಕೂಡ ಮುಂದುವರಿದಿದ್ದಾರೆ, ಎರಡೂ ತಾಳೆಯಾಗಬೇಕು.

ಬೇರೆ ಪಂದ್ಯಗಳವರೂ ಇಂಥ ಕವಲುಗಳನ್ನು ಹುಡುಕಿದ್ದಾರೆ. 2017ರಲ್ಲಿ ವಿಶ್ವ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್ ಪೋರ್ಚುಗಲ್ಲಿನ ವಿಲಾ ರಿಯಾಲ್ ಊರಿನ ಬೀದಿ ಟ್ರ್ಯಾಕಿಗೆ ಜೋಕರ್ ತಂದಿತು. ದಾಟಲು ಜಾಗವಿಲ್ಲದ ಬೀದಿಗಳಿಗೆ ಅದು ತಕ್ಕ ಉಪಾಯವೇ. ಮೋಟಾರ್‌ಸೈಕಲ್ಲುಗಳ ಮೋಟೋಜಿಪಿಯಲ್ಲಿ 2019ರಿಂದ ಇರುವ ಲಾಂಗ್ ಲ್ಯಾಪ್ ಕೂಡ ತಿರುವಿನ ಹೊರಮಗ್ಗುಲಿನ ಉದ್ದದ ಹಾದಿ, ಆದರೆ ಅದು ತಪ್ಪಿತಸ್ಥನಿಗೆ ಮಾತ್ರ ಕೊಡುವ ಶಿಕ್ಷೆ. ಅಲ್ಲಿ ಸವಾರನಿಗೆ ಎಷ್ಟು ನಷ್ಟವಾಗಬೇಕೆಂಬುದೇ ಪ್ರಶ್ನೆ. ನಮ್ಮಲ್ಲಿ ಅವನು ಯಾರ ಮುಂದೆ, ಯಾರ ಹಿಂದೆ ಬಂದು ಇಳಿಯುತ್ತಾನೆಂಬುದು.

ಬಗೆಹರಿಯದೆ ಉಳಿದಿರುವುದು ಆ ನಲವತ್ತು ಮೀಟರ್ ಗೆರೆ. ಹೊರಬರುವ ಕಾರುಗಳು ಜಲ್ಲಿಯನ್ನು ಎಳೆತಂದು ಅದರ ಮೇಲೆ ಸುರಿಯುತ್ತವೆ; ಮಧ್ಯಾಹ್ನದ ಹೊತ್ತಿಗೆ ಮೊದಲ ಹತ್ತು ಮೀಟರ್ ಬಣ್ಣ ಪೂರ್ತಿ ಉಜ್ಜಿಹೋಗಿರುತ್ತದೆ, ಚಾಲಕರು ಗೆರೆ ಕಾಣಲಿಲ್ಲವೆಂದು ವಾದಿಸಿದರೆ ಅದು ನಿಜವೂ ಹೌದು. ಬಾಗಿ ಮತ್ತೆ ನಿಲ್ಲುವ ರಬ್ಬರ್ ಕಂಬಗಳನ್ನು ಒಂದು ಕೂಟದಲ್ಲಿ ನೆಟ್ಟು ನೋಡಿದೆವು. ಮೂರನೆಯ ಹೀಟಿಗೆ ಅರ್ಧದಷ್ಟು ಕಂಬಗಳು ಕಾರುಗಳ ಬಂಪರಿಗೆ ಸಿಕ್ಕಿ ಪ್ಯಾಡಾಕಿಗೆ (ಕಾರುಗಳನ್ನು ನಿಲ್ಲಿಸುವ ಅಂಗಳಕ್ಕೆ) ಬಂದಿದ್ದವು. ಸದ್ಯಕ್ಕೆ ಊಟದ ವಿರಾಮದಲ್ಲಿ ಜಲ್ಲಿ ಗುಡಿಸಿ, ಡಬ್ಬಿ ಮತ್ತು ಬ್ರಷ್ ಹಿಡಿದು ನಾನೇ ಹೋಗಿ ಆ ಹತ್ತು ಮೀಟರನ್ನು ಮತ್ತೆ ಬಳಿದು ಬರುತ್ತೇನೆ.