ಮೀಟರ್ ಬೋರ್ಡಿನ ದೀಪಗಳೆಲ್ಲ ಒಟ್ಟಿಗೇ ಹತ್ತಿದರೆ: ಕಾರಿನ ಕ್ಯಾನ್ ಲೈನ್ ದೋಷ ಹುಡುಕುವುದು ಹೇಗೆ?

ಮಳೆ ಹಿಡಿದ ಮೇಲೆ ಕಾರವಾರ, ಅಂಕೋಲಾ, ಕುಮಟಾ ಕಡೆಯ ಗ್ಯಾರೇಜುಗಳಿಗೆ ಒಂದೇ ನಮೂನೆಯ ದೂರಿನ ಕಾರುಗಳು ಬರತೊಡಗುತ್ತವೆ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ನೋಡಿಕೊಳ್ಳುವ ವ್ಯವಸ್ಥೆ), ಪವರ್ ಸ್ಟೀರಿಂಗ್, ಏರ್‌ಬ್ಯಾಗ್ ದೀಪಗಳು ಒಟ್ಟಿಗೇ ಹತ್ತುತ್ತವೆ, ಸ್ಪೀಡೋಮೀಟರ್ ಮುಳ್ಳು ಸೊನ್ನೆಗೆ ಬೀಳುತ್ತದೆ. ಅರ್ಧ ತಾಸು ಬಿಸಿಲು ಬಿದ್ದರೆ ಎಲ್ಲ ಸರಿ. ಮೂರು ಭಾಗಗಳು ಒಂದೇ ಗಳಿಗೆಯಲ್ಲಿ ಕೆಡುವುದು ಅಪರೂಪ. ಕೆಟ್ಟಿರುವುದು ಅವು ಪರಸ್ಪರ ಮಾತಾಡುವ ತಂತಿ, ಅಥವಾ ಆ ದಾರಿಯಲ್ಲಿರುವ ಯಾವುದೋ ಒಂದು ಕಪ್ಲರ್ (ತಂತಿಗಳನ್ನು ಸಿಕ್ಕಿಸಿ ಜೋಡಿಸುವ ಪ್ಲಗ್), ಅರ್ತ್ (ಬ್ಯಾಟರಿಯ ನೆಗೆಟಿವ್ ಕಡೆಗೆ ಮರಳುವ ಸಂಪರ್ಕ), ಫ್ಯೂಸ್. ಆದರೂ ಎಷ್ಟೋ ಕಡೆ ಮೊದಲು ಬದಲಾಗುವುದು ಸಾವಿರಾರು ರೂಪಾಯಿಯ ಮಾಡ್ಯೂಲ್, ಅಂದರೆ ಆಯಾ ಭಾಗವನ್ನು ನಡೆಸುವ ಪುಟ್ಟ ಕಂಪ್ಯೂಟರ್. ಅದು ಕೊನೆಗೆ ಮಾಡಬೇಕಾದ ಕೆಲಸ. ಅದಕ್ಕೂ ಮೊದಲು ಏನೇನು ನೋಡಬೇಕು ಎಂಬುದು ಇಲ್ಲಿದೆ.

ಎರಡು ತಂತಿಯ ಲೆಕ್ಕ

ಎಂಜಿನ್, ಗೇರ್, ಬ್ರೇಕ್, ಸ್ಟೀರಿಂಗ್, ಮೀಟರ್ ಬೋರ್ಡ್ ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು ಕಂಪ್ಯೂಟರ್ ಈಗಿನ ಕಾರುಗಳಲ್ಲಿದೆ. ಇವನ್ನೆಲ್ಲ ಒಂದೇ ಜೋಡಿ ತಂತಿಯಲ್ಲಿ ಜೋಡಿಸುವ ‘ಕ್ಯಾನ್’ ವ್ಯವಸ್ಥೆಯನ್ನು ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಹೊರತಂದಿತು. ಒಂದು ತಂತಿ ಕ್ಯಾನ್ ಹೈ, ಇನ್ನೊಂದು ಕ್ಯಾನ್ ಲೋ. ಯಾರೂ ಮಾತಾಡದಾಗ ಎರಡರಲ್ಲೂ ಸುಮಾರು 2.5 ವೋಲ್ಟ್ ಇರುತ್ತದೆ. ಸಂದೇಶ ಹೊರಟಾಗ ಹೈ 3.5ಕ್ಕೆ ಏರುತ್ತದೆ, ಲೋ 1.5ಕ್ಕೆ ಇಳಿಯುತ್ತದೆ. ಮಾಡ್ಯೂಲುಗಳು ಓದುವುದು ಈ ಎರಡರ ನಡುವಿನ ಅಂತರವನ್ನು ಮಾತ್ರ. ತಂತಿಗಳನ್ನು ಹುರಿ ಹೊಸೆದಂತೆ ಹೊಸೆದಿರುವುದರಿಂದ ಹೊರಗಿನ ವಿದ್ಯುತ್ ಗದ್ದಲ ಎರಡರ ಮೇಲೂ ಸಮನಾಗಿ ಬಿದ್ದು, ಅಂತರ ಹಾಗೇ ಉಳಿಯುತ್ತದೆ. ಲೈನಿನ ಎರಡೂ ತುದಿಗೆ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುತ್ತದೆ, ಹೆಚ್ಚಾಗಿ ಯಾವುದಾದರೂ ಎರಡು ಮಾಡ್ಯೂಲುಗಳ ಒಳಗೇ.

ಈ ರಚನೆಯಿಂದಲೇ ದೋಷದ ಸ್ವಭಾವ ಗೊತ್ತಾಗುತ್ತದೆ. ಒಂದು ಮಾಡ್ಯೂಲಿನ ಕರೆಂಟ್ ಹೋದರೆ ಅದೊಂದೇ ಮೌನವಾಗುತ್ತದೆ. ಹೈ ಮತ್ತು ಲೋ ಒಂದಕ್ಕೊಂದು ತಾಗಿದರೆ ಆ ಲೈನಿನಲ್ಲಿರುವ ಎಲ್ಲವೂ ಮೌನವಾಗುತ್ತವೆ. ಯಾರು ಮಾತಾಡುತ್ತಿದ್ದಾರೆ, ಯಾರು ಮೌನ ಎಂದು ಪಟ್ಟಿ ಮಾಡಿಕೊಂಡರೆ ಅರ್ಧ ಕೆಲಸ ಆದಂತೆ.

ಕೈಯಲ್ಲಿ ಇರಬೇಕಾದವು

ಒಂದು ಡಿಜಿಟಲ್ ಮಲ್ಟಿಮೀಟರ್, ಕಾರಿನ ಎಲ್ಲ ಮಾಡ್ಯೂಲುಗಳಲ್ಲೂ ದಾಖಲಾದ ದೋಷದ ಕೋಡ್ ಓದುವ ಸ್ಕ್ಯಾನರ್, ಆ ಮಾಡೆಲಿನ ವೈರಿಂಗ್ ನಕ್ಷೆ, ಕಪ್ಲರಿನ ಹಿಂಬದಿಯಿಂದ ತೂರಿಸಲು ತೆಳು ಪಿನ್‌ಗಳು, ಎರಡು ವೈರ್ ಬೆಸೆದ 21 ವ್ಯಾಟ್‌ನ ಒಂದು ಇಂಡಿಕೇಟರ್ ಬಲ್ಬ್. ಮೊಬೈಲಿಗೆ ಜೋಡಿಸುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಸಾಮಾನ್ಯವಾಗಿ ಎಂಜಿನ್ ಕೋಡ್ ಮಾತ್ರ ತೋರಿಸುತ್ತದೆ. ಈ ಕೆಲಸಕ್ಕೆ ಅದು ಸಾಲದು. ಬಲ್ಬ್ ಬಳಸುವುದು ಕರೆಂಟ್ ಮತ್ತು ಅರ್ತ್ ಪರೀಕ್ಷೆಗಷ್ಟೇ. ಕ್ಯಾನ್ ತಂತಿಗೆ ಅದನ್ನು ತಾಗಿಸಲೇಬಾರದು.

ಮೊದಲು ಬ್ಯಾಟರಿ, ಆಮೇಲೆ ಉಳಿದದ್ದು

ಬೇಸರದ ಹಂತವೆಂದು ಇದನ್ನು ಹಾರಿಸುವವರೇ ಹೆಚ್ಚು. ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಸ್ಟಾರ್ಟ್ ಮಾಡುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಬಿದ್ದರೆ ಕೆಲವು ಮಾಡ್ಯೂಲುಗಳು ಆ ಕ್ಷಣಕ್ಕೆ ಸತ್ತು ಹುಟ್ಟುತ್ತವೆ, ಉಳಿದವು ‘ಸಂಪರ್ಕ ತಪ್ಪಿತು’ ಎಂದು ಕೋಡ್ ಬರೆದುಕೊಳ್ಳುತ್ತವೆ. ತಂತಿ ಸರಿಯಾಗಿಯೇ ಇರುತ್ತದೆ.

ಅರ್ತ್ ನೋಡಲು ಎಂಜಿನ್ ಚಾಲೂ ಇಟ್ಟು, ಹೆಡ್‌ಲೈಟ್ ಮತ್ತು ಎ.ಸಿ. ಬ್ಲೋವರ್ ಹಾಕಿ. ಮಲ್ಟಿಮೀಟರನ್ನು ಡಿ.ಸಿ. ವೋಲ್ಟಿಗಿಟ್ಟು ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಸಂಶಯವಿರುವ ಮಾಡ್ಯೂಲಿನ ಅರ್ತ್ ಪಿನ್ನಿಗೆ ಇಡಿ. 0.1 ವೋಲ್ಟಿಗಿಂತ ಕಡಿಮೆ ಬಂದರೆ ಸರಿ. 0.4, 0.5 ಬಂದರೆ ಕಾರಿನ ಲೋಹದ ಬಾಡಿಗೆ ಅರ್ತ್ ಬಿಗಿದ ಬೋಲ್ಟ್ ಬಿಚ್ಚಿ. ಕರಾವಳಿಯ ಕಾರುಗಳಲ್ಲಿ ಆ ರಿಂಗಿನ ಅಡಿಯಲ್ಲಿ ಉಪ್ಪುಗಾಳಿಯ ತುಕ್ಕು ಕೂತಿರುವುದು ಮಾಮೂಲಿ. ಮೇಲಿನಿಂದ ಬೋಲ್ಟ್ ಹೊಳೆಯುತ್ತಿದ್ದರೂ ಅಡಿಯಲ್ಲಿ ಹುಡಿ ಉದುರುತ್ತದೆ. ಲೋಹ ಕಾಣುವವರೆಗೆ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿ.

ಕೋಡ್ ಬರೆದವನು ಅಪರಾಧಿಯಲ್ಲ

ಸಂಪರ್ಕ ದೋಷದ ಕೋಡುಗಳು ‘ಯು’ ಅಕ್ಷರದಿಂದ ಶುರುವಾಗುತ್ತವೆ. ಯು0100 ಅಂದರೆ ಎಂಜಿನ್ ಕಂಪ್ಯೂಟರಿನ ಸಂಪರ್ಕ ತಪ್ಪಿದೆ; ಯು0101 ಗೇರ್ ಬಾಕ್ಸಿನದು; ಯು0121 ಎಬಿಎಸ್‌ನದು; ಯು0140 ಬಾಡಿ ಕಂಟ್ರೋಲ್ ಮಾಡ್ಯೂಲಿನದು (ದೀಪ, ಬಾಗಿಲ ಲಾಕ್‌ಗಳಂಥವನ್ನು ನೋಡಿಕೊಳ್ಳುವ ಕಂಪ್ಯೂಟರ್); ಯು0155 ಮೀಟರ್ ಬೋರ್ಡಿನದು. ಎಂಜಿನ್ ಕಂಪ್ಯೂಟರಿನಲ್ಲಿ ಯು0121 ಸಿಕ್ಕಿತೆಂದರೆ ಎಂಜಿನ್ ಕಂಪ್ಯೂಟರ್ ಹಾಳು ಎಂದಲ್ಲ, ಅದಕ್ಕೆ ಎಬಿಎಸ್ ಮಾತು ಕೇಳಿಸುತ್ತಿಲ್ಲ ಎಂದು. ದೂರು ಕೊಟ್ಟವನನ್ನೇ ಹಿಡಿದು ಒಳಗೆ ಹಾಕುವ ಈ ಎಡವಟ್ಟಿನಿಂದಲೇ ಎಷ್ಟೋ ಒಳ್ಳೆಯ ಕಂಪ್ಯೂಟರುಗಳು ಗುಜರಿಗೆ ಹೋಗುತ್ತವೆ.

ಎಲ್ಲ ಮಾಡ್ಯೂಲುಗಳನ್ನೂ ಒಂದೊಂದಾಗಿ ತೆರೆದು, ಯಾವುದು ಉತ್ತರ ಕೊಟ್ಟಿತು, ಅದರಲ್ಲಿ ಯಾವ ಕೋಡ್ ಇದೆ ಎಂದು ಕಾಗದದ ಮೇಲೆ ಬರೆಯಿರಿ. ಹಳೆಯ ಕೋಡ್ ಅಳಿಸಿ ಮತ್ತೊಮ್ಮೆ ಓದಿ. ತಕ್ಷಣ ವಾಪಸು ಬಂದದ್ದು ಈ ಗಳಿಗೆಯಲ್ಲೂ ಇರುವ ದೋಷ. ಎಂಜಿನ್, ಮೀಟರ್ ಬೋರ್ಡ್, ಸ್ಟೀರಿಂಗ್ ಮೂರೂ ಯು0121 ಹೇಳುತ್ತಿದ್ದು, ಎಬಿಎಸ್ ಸ್ಕ್ಯಾನರಿಗೂ ಸಿಗದಿದ್ದರೆ ಎಬಿಎಸ್‌ನ ಫ್ಯೂಸ್, ಅರ್ತ್, ಕಪ್ಲರ್ ನೋಡಿ. ಮೀಟರ್ ಬೋರ್ಡ್ ಮಾತ್ರ ಎಲ್ಲರ ಸಂಪರ್ಕವೂ ತಪ್ಪಿದೆ ಎನ್ನುತ್ತಿದ್ದು, ಉಳಿದವರು ತಮ್ಮತಮ್ಮಲ್ಲಿ ಸರಿಯಾಗಿದ್ದರೆ ಮೀಟರ್ ಬೋರ್ಡಿಗೆ ಹೋಗುವ ಕವಲು ತಂತಿ ನೋಡಿ. ಯಾರೂ ಉತ್ತರಿಸದಿದ್ದರೆ ಗಾಬರಿ ಬೇಡ, ಮೊದಲು ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸ್ಕ್ಯಾನರ್ ಸಾಕೆಟ್ ಪರೀಕ್ಷಿಸಿ. 16ನೇ ಪಿನ್ನಿನಲ್ಲಿ ಬ್ಯಾಟರಿ ವೋಲ್ಟ್ ಇರಬೇಕು. 4 ಮತ್ತು 5 ಅರ್ತ್. ಕೆಲವು ಕಾರುಗಳಲ್ಲಿ ಮೊಬೈಲ್ ಚಾರ್ಜರ್ ಸಾಕೆಟ್ಟಿಗೂ ಇದಕ್ಕೂ ಒಂದೇ ಫ್ಯೂಸ್.

60 ಓಮ್ ಪರೀಕ್ಷೆ

ಇಗ್ನಿಷನ್ ಆಫ್ ಮಾಡಿ, ಬಾಗಿಲು ಮುಚ್ಚಿ, ರಿಮೋಟ್ ಕೀಯನ್ನು ಕಾರಿನಿಂದ ದೂರ ಇಡಿ. ಮಾಡ್ಯೂಲುಗಳು ನಿದ್ದೆಗೆ ಹೋಗಲು ಕಾಲು ತಾಸು ಬಿಟ್ಟು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಕರೆಂಟ್ ಇರುವಾಗ ಓಮ್ ಅಳೆದರೆ ಬರುವ ಅಂಕಿಗೆ ಅರ್ಥವಿಲ್ಲ. ಈಗ ಸಾಕೆಟ್ಟಿನ 6 ಮತ್ತು 14ನೇ ಪಿನ್ ನಡುವೆ ಅಳೆಯಿರಿ. ತುದಿಯ ಎರಡು 120 ಓಮ್‌ಗಳು ಸಮಾನಾಂತರವಾಗಿ ಸೇರಿ 60 ಆಗುತ್ತವೆ. 55ರಿಂದ 65ರೊಳಗಿದ್ದರೆ ಚಿಂತೆಯಿಲ್ಲ.

120 ಬಂದರೆ ಒಂದು ತುದಿ ಕಳಚಿದೆ: ತಂತಿ ತುಂಡಾಗಿದೆ, ಇಲ್ಲವೇ ರೆಸಿಸ್ಟರ್ ಇರುವ ಮಾಡ್ಯೂಲಿನ ಕಪ್ಲರ್ ಸಡಿಲ. 40 ಬಂದರೆ ಮೂರನೆಯ ರೆಸಿಸ್ಟರ್ ಎಲ್ಲಿಂದಲೋ ಸೇರಿದೆ. ಪಾರ್ಟ್ ನಂಬರ್ ನೋಡದೆ ಹಾಕಿದ ಹಳೆಯ ಮಾಡ್ಯೂಲಿನಿಂದ ಹೀಗಾಗುತ್ತದೆ. ಐದು ಓಮಿಗಿಂತ ಕಡಿಮೆ ಬಂದರೆ ಹೈ ಮತ್ತು ಲೋ ತಾಗಿಕೊಂಡಿವೆ.

ಆದರೆ 60 ಬಂದ ಮಾತ್ರಕ್ಕೆ ಲೈನ್ ಸರಿ ಎಂದು ಎದ್ದುಬಿಡಬೇಡಿ. ನಡುವಿನ ಮಾಡ್ಯೂಲಿಗೆ ಹೋಗುವ ಕವಲು ತುಂಡಾಗಿದ್ದರೂ ಮೀಟರ್ 60 ತೋರಿಸುತ್ತದೆ. ಒಂದು ತಂತಿ ಬಾಡಿಗೆ ತಾಗಿದ್ದರೂ ಅಷ್ಟೇ. ಹಾಗಾಗಿ ಹೈನಿಂದ ಅರ್ತಿಗೆ, ಲೋನಿಂದ ಅರ್ತಿಗೆ ಬೇರೆ ಬೇರೆಯಾಗಿ ಅಳೆಯಿರಿ. ಅಲ್ಲಿ ಸಾವಿರಾರು ಓಮ್ ಇರಬೇಕು. ಗೇಟ್‌ವೇ (ಬೇರೆ ಬೇರೆ ಕ್ಯಾನ್ ಲೈನುಗಳನ್ನು ಬೆಸೆಯುವ ನಡುವಿನ ಮಾಡ್ಯೂಲ್) ಇರುವ ಕಾರುಗಳಲ್ಲಿ ಇನ್ನೊಂದು ತೊಡಕಿದೆ: ಸಾಕೆಟ್ಟಿನ ತಂತಿ ಗೇಟ್‌ವೇ ಮಾಡ್ಯೂಲಿನವರೆಗೆ ಮಾತ್ರ ಹೋಗುತ್ತದೆ, ಅದರಾಚೆಯ ಲೈನುಗಳ ಸ್ಥಿತಿ ಇಲ್ಲಿ ಕಾಣುವುದಿಲ್ಲ. ನಕ್ಷೆ ನೋಡಿ ಒಳಗಿನ ಯಾವುದಾದರೂ ಕಪ್ಲರಿನಲ್ಲೇ ಅಳೆಯಬೇಕು.

ವೋಲ್ಟ್ ಏನು ಹೇಳುತ್ತದೆ

ಬ್ಯಾಟರಿ ಜೋಡಿಸಿ ಇಗ್ನಿಷನ್ ಆನ್ ಮಾಡಿ. 6ನೇ ಪಿನ್ ಮತ್ತು ಅರ್ತ್ ನಡುವೆ 2.5ಕ್ಕಿಂತ ತುಸು ಹೆಚ್ಚು, 14ನೇ ಪಿನ್ನಿನಲ್ಲಿ ತುಸು ಕಡಿಮೆ ಬರಬೇಕು, ಉದಾಹರಣೆಗೆ 2.7 ಮತ್ತು 2.3. ಸಂದೇಶಗಳು ಓಡುತ್ತಿರುವುದರಿಂದ ಮೀಟರ್ ತೋರಿಸುವುದು ಸರಾಸರಿ. ಎರಡನ್ನೂ ಕೂಡಿದರೆ 5ರ ಹತ್ತಿರ ಇರಬೇಕು. ಎರಡರಲ್ಲೂ ಅಲುಗಾಡದೆ 2.5 ನಿಂತಿದ್ದರೆ ಒಂದೋ ಯಾರೂ ಮಾತಾಡುತ್ತಿಲ್ಲ, ಇಲ್ಲವೇ ತಂತಿಗಳು ಪರಸ್ಪರ ತಾಗಿವೆ. ಒಂದರಲ್ಲಿ ಸೊನ್ನೆ ಬಂದರೆ ಅದು ಬಾಡಿಗೆ ತಾಗಿದೆ. 12 ವೋಲ್ಟ್ ಬಂದರೆ ಕರೆಂಟಿನ ತಂತಿಗೆ ತಾಗಿದೆ. ಆಸಿಲೊಸ್ಕೋಪ್ (ವೋಲ್ಟಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಉಪಕರಣ) ಇದ್ದವರಿಗೆ ಇದು ಇನ್ನೂ ಸಲೀಸು: ಹೈ ಮೇಲಕ್ಕೆ ಹೋದಾಗಲೆಲ್ಲ ಲೋ ಅಷ್ಟೇ ಕೆಳಕ್ಕೆ ಹೋಗಬೇಕು.

ಒಂದೊಂದಾಗಿ ಕಳಚುವುದು

ತಂತಿಗಳು ತಾಗಿವೆ ಎಂದು ಖಾತ್ರಿಯಾದ ಮೇಲೆ ಬ್ಯಾಟರಿ ಮತ್ತೆ ಬಿಚ್ಚಿ, ಮೀಟರನ್ನು 6 ಮತ್ತು 14ಕ್ಕೆ ಸಿಕ್ಕಿಸಿ, ಎದುರಿಗೆ ಕಾಣುವಂತೆ ಇಡಿ. ಮೊದಲು ತೆಗೆಯಬೇಕಾದ್ದು ಹೊರಗಿನಿಂದ ಹಾಕಿಸಿದ್ದೆಲ್ಲ: ಟಚ್ ಸ್ಕ್ರೀನ್ ಸ್ಟೀರಿಯೊ, ಜಿಪಿಎಸ್ ಟ್ರ್ಯಾಕರ್, ರಿಮೋಟ್ ಲಾಕ್, ರಿವರ್ಸ್ ಕ್ಯಾಮೆರಾ. ಕ್ಯಾನ್ ತಂತಿಯ ಸಿಪ್ಪೆ ಸುಲಿದು ಇನ್ನೊಂದು ವೈರ್ ಸುತ್ತಿ ಟೇಪ್ ಹಚ್ಚಿದ ಜಾಗ ಸ್ಟೀರಿಯೊ ಹಿಂದೆ ಕಂಡರೆ ಮುಂದೆ ಹುಡುಕುವ ಮೊದಲು ಅದನ್ನೇ ಸರಿಮಾಡಿ. ಆಮೇಲೆ ಕಾರಿನದೇ ಮಾಡ್ಯೂಲುಗಳ ಕಪ್ಲರ್ ಒಂದೊಂದಾಗಿ ಕಳಚಿ. 2 ಓಮ್ ಇದ್ದದ್ದು ಯಾವುದನ್ನು ಕಳಚಿದಾಗ 60ಕ್ಕೆ, ಅಥವಾ ರೆಸಿಸ್ಟರ್ ಇರುವ ಮಾಡ್ಯೂಲಾದರೆ 120ಕ್ಕೆ, ಜಿಗಿಯುತ್ತದೋ ಅಲ್ಲಿದೆ ದೋಷ. ಏನನ್ನು ಕಳಚಿದರೂ ಬದಲಾಗದಿದ್ದರೆ ತಂತಿಯ ಗೊಂಚಲಿನಲ್ಲೇ ಇದೆ.

ಹಳದಿ ಬಣ್ಣದ ಕಪ್ಲರ್ ಏರ್‌ಬ್ಯಾಗಿನದು. ಬ್ಯಾಟರಿ ಬಿಚ್ಚಿ ಕಂಪನಿ ಹೇಳಿದಷ್ಟು ನಿಮಿಷ ಕಾಯದೆ ಅದನ್ನು ಮುಟ್ಟಬೇಡಿ, ಅದಕ್ಕೆ ಓಮ್ ಮೀಟರ್ ಹಚ್ಚಲೇಬೇಡಿ. ಬ್ಯಾಗ್ ಸಿಡಿಯಬಹುದು.

ನಮ್ಮ ಕಡೆ ಎಲ್ಲಿ ನೋಡಬೇಕು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಾರುಗಳಲ್ಲಿ ಮೊದಲ ಸಂಶಯ ಎಲೆಕಸದ ಮೇಲೆ. ಮರದಡಿ ನಿಂತ ಕಾರಿನ ಮುಂಗಾಜಿನ ಬುಡದ ಜಾಲರಿಯೊಳಗೆ ಎಲೆ ಕೊಳೆತು ನೀರು ಇಳಿಯುವ ತೂತು ಕಟ್ಟಿಕೊಳ್ಳುತ್ತದೆ. ನೀರು ಬೇರೆ ದಾರಿ ಹಿಡಿದು ಎಡಗಡೆ ಸೀಟಿನವರ ಕಾಲ ಬುಡಕ್ಕೆ ಇಳಿಯುತ್ತದೆ. ಅಲ್ಲಿ ಪಕ್ಕದ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಎಷ್ಟೋ ಕಾರುಗಳಲ್ಲಿ ದೊಡ್ಡ ಕಪ್ಲರುಗಳು, ಕೆಲವದರಲ್ಲಿ ಬಾಡಿ ಕಂಟ್ರೋಲ್ ಮಾಡ್ಯೂಲೇ ಇರುತ್ತದೆ. ಕಪ್ಲರ್ ಬಿಡಿಸಿ ಟಾರ್ಚ್ ಹಿಡಿದು ಪಿನ್‌ಗಳ ಬುಡ ನೋಡಿ. ಹಸಿರು ಕಿಲುಬು ಹಿಡಿದ ಪಿನ್ ಮಿಕ್ಕವಕ್ಕಿಂತ ದಪ್ಪ ಕಾಣುತ್ತದೆ. ಪಕ್ಕದ ಪಿನ್ನಿನವರೆಗೂ ಆ ಹುಡಿ ಸೇತುವೆಯಂತೆ ಹಬ್ಬಿರುತ್ತದೆ. ಒದ್ದೆಯಿದ್ದಾಗ ಕರೆಂಟ್ ಹಾಯುತ್ತದೆ, ಒಣಗಿದರೆ ನಿಲ್ಲುತ್ತದೆ. ಮಳೆಗೆ ಬಂದು ಬಿಸಿಲಿಗೆ ಹೋಗುವ ದೋಷದ ಗುಟ್ಟು ಇದೇ. ಎ.ಸಿ. ನೀರಿನ ಪೈಪ್ ಕಟ್ಟಿಕೊಂಡರೂ ಇದೇ ಜಾಗ ಒದ್ದೆಯಾಗುತ್ತದೆ. ಬೇಸಿಗೆಯಲ್ಲಿ ಕಾರ್ಪೆಟ್ ಹಸಿಯಿದ್ದರೆ ಆ ಪೈಪ್ ನೋಡಿ.

ಅಡಿಕೆ, ಭತ್ತದ ಹುಲ್ಲು ಇಟ್ಟ ಕೊಟ್ಟಿಗೆಯಲ್ಲೇ ಕಾರೂ ನಿಂತರೆ ಇಲಿ ಬಾನೆಟ್ ಹೊಕ್ಕದೆ ಬಿಡುವುದಿಲ್ಲ. ಇಲಿ ಕಡಿದ ತಂತಿ ಪೂರ್ತಿ ತುಂಡಾಗಿರಬೇಕಿಲ್ಲ. ಸಿಪ್ಪೆ ಹೋದ ಎರಡು ತಂತಿಗಳು ದೇವಿಮನೆ ಘಾಟಿನ ತಿರುವಿನಲ್ಲಿ ಎಂಜಿನ್ ವಾಲಿದಾಗ ಮಾತ್ರ ತಾಗಬಹುದು. ಮೀಟರ್ ನೋಡುತ್ತಾ ಗೊಂಚಲನ್ನು ಕೈಯಿಂದ ಅಲುಗಾಡಿಸುತ್ತ ಹೋಗಿ. 60 ಇದ್ದದ್ದು ಕುಣಿಯತೊಡಗಿದ ಕಡೆ ಟೇಪ್ ಬಿಚ್ಚಿ.

ಕರಾವಳಿಯಲ್ಲಿ ಹೆಚ್ಚು ಪೆಟ್ಟು ಕೆಳಭಾಗಕ್ಕೆ: ಬಂಪರ್ ಹಿಂದಿನ, ಚಕ್ರದ ಗೂಡಿನ ಕಪ್ಲರುಗಳಿಗೆ. ಹೆದ್ದಾರಿ 66ರಲ್ಲಿ ಮೀನು ಲಾರಿಯಿಂದ ಸೋರಿದ ಉಪ್ಪುನೀರೂ ಅಲ್ಲೇ ಸಿಡಿಯುತ್ತದೆ. ನೆರೆನೀರಲ್ಲಿ ನಿಂತ ಕಾರಿನದು ಇನ್ನೊಂದು ಕತೆ. 2019ರ ಆಗಸ್ಟಿನಲ್ಲಿ ಕಾಳಿ, ಗಂಗಾವಳಿ ಉಕ್ಕಿದಂಥ ನೆರೆಯಲ್ಲಿ ಸೀಟಿನ ಮಟ್ಟಕ್ಕೆ ಮುಳುಗಿದ ಕಾರು ಒಣಗಿದ ಮೇಲೆ ಸ್ಟಾರ್ಟ್ ಆದರೂ ಕಿಲುಬು ಬೆಳೆದು ಸಂಪರ್ಕ ಕೆಡಲು ತಿಂಗಳುಗಳು ಹಿಡಿಯಬಹುದು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಸೀಟಿನಡಿಯ ಕಪ್ಲರ್ ಒಂದನ್ನಾದರೂ ಬಿಡಿಸಿ ನೋಡುವುದು ಒಳ್ಳೆಯದು.

ರಿಪೇರಿ

ಕಿಲುಬು ಹಿಡಿದ ಪಿನ್ನನ್ನು ಬ್ಲೇಡಿನಿಂದ ಕೆರೆದರೆ ಮೇಲಿನ ಲೇಪ ಹೋಗಿ ಮತ್ತೆ ಬೇಗ ಕಿಲುಬುತ್ತದೆ. ತೆಳುವಾಗಿ ಹಿಡಿದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ. ತಿಂದುಹೋಗಿದ್ದರೆ ಪಿನ್ನನ್ನೇ ಬದಲಿಸಿ. ಪಿನ್ನಿನಿಂದ ಒಂದೆರಡು ಇಂಚು ಹಿಂದೆ ತಂತಿ ಕತ್ತರಿಸಿದಾಗ ತಾಮ್ರ ಕಪ್ಪಾಗಿದ್ದರೆ ನೀರು ಸಿಪ್ಪೆಯೊಳಗೇ ಹರಿದಿದೆ ಎಂದರ್ಥ. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸುತ್ತ ಹೋಗಬೇಕು.

ಜೋಡಿಸುವಾಗ ಅದೇ ದಪ್ಪದ ತಂತಿ ಬಳಸಿ. ಹೈ ಮತ್ತು ಲೋ ತಂತಿಗಳ ಗಂಟು ಒಂದೇ ಜಾಗದಲ್ಲಿ ಎದುರುಬದುರು ಬರದಂತೆ ಹಿಂದೆ ಮುಂದೆ ಮಾಡಿ. ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ತಾಗಿದರೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ. ಬರಿ ಟೇಪ್ ಒಂದು ಮಳೆಗಾಲ ಬಾಳುವುದಿಲ್ಲ. ಹೊಸೆತವನ್ನು ಮೊದಲಿದ್ದಂತೆ ಮರಳಿಸಿ, ಹೊಸೆಯದೆ ಬಿಟ್ಟ ಉದ್ದ ಐದು ಸೆಂಟಿಮೀಟರ್ ದಾಟದಿರಲಿ.

ಇಷ್ಟಾದರೂ ಒಂದು ಮಾಡ್ಯೂಲ್ ಮೌನವೇ? ಅದರ ಕಪ್ಲರ್ ಬಿಡಿಸಿ, ತಂತಿ ಕಡೆಯ ಕರೆಂಟ್ ಮತ್ತು ಅರ್ತ್ ಪಿನ್ ನಡುವೆ 21 ವ್ಯಾಟ್ ಬಲ್ಬ್ ಹಿಡಿಯಿರಿ. ಮೀಟರಿನಲ್ಲಿ 12 ವೋಲ್ಟ್ ಕಂಡರೂ ಬಲ್ಬ್ ಮಂಕಾಗಿ ಉರಿದರೆ ದೋಷ ಇನ್ನೂ ತಂತಿಯಲ್ಲೇ. ತೀರಾ ತೆಳು ತಂತಿಯ ಪಿನ್ನಿಗೆ ಇಷ್ಟು ದೊಡ್ಡ ಬಲ್ಬ್ ಬೇಡ, 5 ವ್ಯಾಟ್ ಸಾಕು. ಬಲ್ಬ್ ಚೆನ್ನಾಗಿ ಉರಿದು, ಅದೇ ಕಪ್ಲರಿನವರೆಗೆ ಹೈ, ಲೋ ಎರಡೂ ಸರಿಯಾಗಿ ಬಂದಿದ್ದರೆ ಮಾತ್ರ ಮಾಡ್ಯೂಲ್ ಬದಲಿಸುವ ಮಾತು. ಹೊಸದಕ್ಕೆ ಆ ಕಾರಿನ ಕೋಡಿಂಗ್ ಬೇಕಾಗಬಹುದು; ಗುಜರಿಯಿಂದ ತಂದದ್ದು ಇನ್ನೊಂದು ಕಾರಿನ ಗುರುತು ಹೊತ್ತಿದ್ದು ಸ್ಟಾರ್ಟೇ ಆಗದಿರಬಹುದು. ಕೊಳ್ಳುವ ಮೊದಲೇ ಕೋಡಿಂಗ್ ಯಾರು ಮಾಡುತ್ತಾರೆಂದು ಕೇಳಿಕೊಳ್ಳಿ.

ಕೋಡ್ ಅಳಿಸಿ, ಮುಂಗಾಜಿನ ಬುಡಕ್ಕೆ ಪೈಪಿನಿಂದ ಹತ್ತು ನಿಮಿಷ ನೀರು ಬಿಟ್ಟು, ಘಾಟಿ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದು ಮತ್ತೆ ಎಲ್ಲ ಮಾಡ್ಯೂಲುಗಳನ್ನೂ ಓದಿ. ಬ್ಯಾಟರಿ ಬಿಚ್ಚಿದ್ದರಿಂದ ಕೆಲವು ಕಾರುಗಳಲ್ಲಿ ಪವರ್ ವಿಂಡೋ ಮತ್ತು ಸ್ಟೀರಿಂಗ್ ಆ್ಯಂಗಲ್ ಸೆನ್ಸರನ್ನು ಮತ್ತೆ ಹೊಂದಿಸಬೇಕಾಗುತ್ತದೆ. ಕಾರ್ಪೆಟ್ ಅಡಿಯ ಸ್ಪಂಜು ಪೂರ್ತಿ ಒಣಗುವವರೆಗೆ ಅದನ್ನು ವಾಪಸು ಹಾಸಬೇಡಿ. ಮಳೆಗಾಲದಲ್ಲಿ ಅದಕ್ಕೆ ಎರಡು ಮೂರು ದಿನ ಫ್ಯಾನ್ ಗಾಳಿ ಬೇಕು.