ಐಟಂ ನಂಬರ್ 43: ಸುಪ್ರೀಂ ಕೋರ್ಟಿನಲ್ಲಿ ನಾನು ವಾದ ಮಾಡಲು ಕಲಿತದ್ದು

ನಾನು ಬೆಂಗಳೂರಿನ ಹೈಕೋರ್ಟ್ ವಕೀಲ. ವರ್ಷಕ್ಕೆ ನಾಲ್ಕೈದು ಸಲ ಕೇಸಿಗಾಗಿ ದೆಹಲಿಗೆ ಹೋಗುತ್ತೇನೆ. ಊರಿನಲ್ಲಿ ಯಾರಾದರೂ "ಸುಪ್ರೀಂ ಕೋರ್ಟಲ್ಲಿ ಎಷ್ಟು ಹೊತ್ತು ವಾದ ಮಾಡಿದ್ರಿ?" ಅಂತ ಕೇಳಿದರೆ ಮುಜುಗರ. ಅಲ್ಲಿ ನನ್ನ ಮೊದಲ ವಾದ ಒಂದು ನಿಮಿಷವೂ ನಡೆಯಲಿಲ್ಲ. "ಲಾರ್ಡ್‌ಶಿಪ್ಸ್, ಇದು 1989ರಲ್ಲಿ ಹೂಡಿದ ದಾವೆ" ಅಂತ ಶುರು ಮಾಡಿದೆ. ಹೈಕೋರ್ಟ್ ತೀರ್ಪಿನ ಯಾವ ಪ್ಯಾರಾದಲ್ಲಿ ತಪ್ಪಿದೆ ಅಂತ ಕೇಳಿದರು. ಪುಟ ತಿರುವಿ ಹುಡುಕಿದೆ. "ಡಿಸ್ಮಿಸ್ಡ್." ಮುಂದಿನ ಕೇಸು ಕೂಗಿಯಾಗಿತ್ತು, ನಾನಿನ್ನೂ ಪುಟ ತಿರುವುತ್ತಲೇ ಇದ್ದೆ.

ಹೇಗೆ ಮಾಡಬೇಕು ಅನ್ನೋದು ಗೊತ್ತಾಗಿದ್ದು ಎರಡು ವರ್ಷ ಬಿಟ್ಟು, ತಿಪಟೂರು ಕಡೆಯ ಒಂದು ತೆಂಗಿನ ತೋಟದ ಕೇಸಿನಲ್ಲಿ.

ಕಕ್ಷಿದಾರರು ಎಪ್ಪತ್ತು ದಾಟಿದ ಯಜಮಾನರು. ಅಣ್ಣನ ಮಕ್ಕಳು ತೋಟದಲ್ಲಿ ಪಾಲು ಕೇಳಿ ದಾವೆ ಹಾಕಿದ್ದರು. ಪಾಲು ಹಿಂದೆಯೇ ಬಾಯಿಮಾತಿನಲ್ಲಿ ಆಗಿಹೋಗಿದೆ, ಆಮೇಲೆ ಪಾಲುಪಟ್ಟಿಯೂ ಬರೆದಿದೆ ಅನ್ನೋದು ನಮ್ಮ ವಾದ. ಮೊದಲ ಕೋರ್ಟಿನಲ್ಲಿ ಸೋತೆವು, ಮೇಲ್ಮನವಿಯಲ್ಲಿ ಗೆದ್ದೆವು, ಎರಡನೇ ಮೇಲ್ಮನವಿಯಲ್ಲಿ ಹೈಕೋರ್ಟ್ ಮತ್ತೆ ತಿರುಗಿಸಿತು. ಆದರೆ ಸಿಪಿಸಿ, ಅಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 100ನೇ ಸೆಕ್ಷನ್ ಪ್ರಕಾರ ಎರಡನೇ ಮೇಲ್ಮನವಿಯಲ್ಲಿ ಕಾನೂನಿನ ಒಂದು ಮುಖ್ಯ ಪ್ರಶ್ನೆಯನ್ನು ಮೊದಲು ಬರೆದುಕೊಂಡು, ಅದರ ಮೇಲೆಯೇ ಕೇಸು ಕೇಳಬೇಕು. ನಮ್ಮ ತೀರ್ಪಿನಲ್ಲಿ ಅಂಥ ಪ್ರಶ್ನೆಯೇ ಇರಲಿಲ್ಲ. ನಮಗೆ ಸಿಕ್ಕಿದ ಗಟ್ಟಿ ಹಿಡಿ ಅದೊಂದೇ.

ಹೈಕೋರ್ಟ್ ತೀರ್ಪಿನಿಂದ 90 ದಿನದೊಳಗೆ ಎಸ್‌ಎಲ್‌ಪಿ ಹಾಕಬೇಕು. ಇದು ಸಂವಿಧಾನದ 136ನೇ ವಿಧಿಯ ವಿಶೇಷ ಅನುಮತಿ ಅರ್ಜಿ. ಹೆಸರೇ ಹೇಳುವ ಹಾಗೆ ಇದು ನೇರ ಅಪೀಲಲ್ಲ, ಅಪೀಲು ಮಾಡಲು ಅನುಮತಿ ಕೊಡಿ ಅಂತ ಕೇಳೋದು. ಕೊಡಲೇಬೇಕು ಅಂತಿಲ್ಲ. ನನ್ನಂಥವನು ಇದನ್ನು ನೇರವಾಗಿ ಹಾಕೋಕೂ ಆಗಲ್ಲ. ಅಡ್ವೊಕೇಟ್ ಆನ್ ರೆಕಾರ್ಡ್, ನಾವೆಲ್ಲ ಎಓಆರ್ ಅನ್ನುತ್ತೇವೆ, ಅವರೇ ಹಾಕಬೇಕು. ಅವರು ಸುಪ್ರೀಂ ಕೋರ್ಟ್ ನಡೆಸುವ ಪರೀಕ್ಷೆ ಪಾಸಾಗಿರಬೇಕು, ಕೋರ್ಟಿನಿಂದ 16 ಕಿಲೋಮೀಟರ್ ಒಳಗೆ ಆಫೀಸು ಇರಬೇಕು. ಅವರು ಒಪ್ಪಿ ನಿಲ್ಲಿಸಿದರೆ ವಾದ ನಾನು ಮಾಡಬಹುದು. ನಮ್ಮ ಎಓಆರ್ ಹಾಸನದ ಕಡೆಯವರು, ನಾನು ಅವರನ್ನು ಅಕ್ಕ ಅಂತಲೇ ಕರೆಯೋದು.

ಅರ್ಜಿ ಹಾಕಿದ ತಕ್ಷಣ ಡೈರಿ ನಂಬರ್ ಬರುತ್ತೆ, ಅದನ್ನು ನೋಡಿ ಯಜಮಾನರು ಖುಷಿಪಟ್ಟರು. ಖುಷಿಪಡೋಕೆ ಏನೂ ಇರಲಿಲ್ಲ. ರಿಜಿಸ್ಟ್ರಿಯವರು, ಅಂದರೆ ಕೋರ್ಟಿನ ಕಚೇರಿಯವರು, ಪುಟಪುಟ ನೋಡಿ ಡಿಫೆಕ್ಟ್ ಪಟ್ಟಿ ಕಳಿಸುತ್ತಾರೆ: ಈ ಪುಟ ಮಸುಕಾಗಿದೆ, ಇಲ್ಲಿ ಸಹಿ ಇಲ್ಲ, ಇದರ ಅನುವಾದ ಎಲ್ಲಿ. ಎಲ್ಲ ಸರಿ ಮಾಡಿ ಮತ್ತೆ ಕೊಟ್ಟ ಮೇಲೆಯೇ ಕೇಸಿಗೆ ನಂಬರ್, ಆಮೇಲೆ ಪೀಠ. ಯಾವ ಪೀಠಕ್ಕೆ ಯಾವ ಥರದ ಕೇಸು ಅಂತ ಮುಖ್ಯ ನ್ಯಾಯಮೂರ್ತಿಗಳ ರೋಸ್ಟರ್ ಹೇಳುತ್ತೆ. ವಕೀಲರು ಆರಿಸಿಕೊಳ್ಳುವ ಮಾತೇ ಇಲ್ಲ.

ಅನುವಾದದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. 348ನೇ ವಿಧಿ ಪ್ರಕಾರ ಅಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ. ನಮ್ಮ ಕೆಳಗಿನ ಕೋರ್ಟಿನ ಸಾಕ್ಷಿ, ದಾಖಲೆ ಎಲ್ಲ ಕನ್ನಡ. ಅಷ್ಟನ್ನೂ ಮಾಡಿಸಿ ಹಾಕಿದ್ದೆವು. ಹಿಯರಿಂಗ್‌ನ ಹಿಂದಿನ ರಾತ್ರಿ ಕರೋಲ್ ಬಾಗ್‌ನ ಲಾಡ್ಜಿನಲ್ಲಿ ಕೂತು ಕೊನೆಯ ಸಲ ಓದುತ್ತಿದ್ದೆ. ಪಾಲುಪಟ್ಟಿ ಅಂತ ಇದ್ದ ಕಡೆಯೆಲ್ಲ ಅನುವಾದಕರು 'ಪಾರ್ಟಿಷನ್ ಡೀಡ್' ಅಂತ ಹಾಕಿದ್ದರು! ಎದೆ ಧಸಕ್ಕೆಂದಿತು. ಪಾರ್ಟಿಷನ್ ಡೀಡ್ ಅಂದರೆ ಆ ಕಾಗದದಿಂದಲೇ ಪಾಲಾಗಿದೆ ಅಂತ ಅರ್ಥ, ರಿಜಿಸ್ಟರ್ ಆಗಲೇಬೇಕು. ನಮ್ಮದು ಹಾಗಲ್ಲ. ಮೊದಲೇ ಆಗಿಹೋದ ಪಾಲನ್ನು ಆಮೇಲೆ ನೆನಪಿಗೆ ಬರೆದಿಟ್ಟದ್ದು, ಅದಕ್ಕೆ ರಿಜಿಸ್ಟ್ರೇಷನ್ ಬೇಕಿಲ್ಲ. ಹೈಕೋರ್ಟ್ ನಮ್ಮ ವಿರುದ್ಧ ಹೋಗಿದ್ದೂ ಇದೇ ಜಾಗದಲ್ಲಿ. ಕಡತ ಎಷ್ಟೋ ಸಲ ನನ್ನ ಕೈ ದಾಟಿ ಹೋಗಿತ್ತು, ನಾನು ನೋಡಿರಲಿಲ್ಲ. ತಪ್ಪು ಅನುವಾದಕರದ್ದಷ್ಟೇ ಅಲ್ಲ.

ಹನ್ನೊಂದು ಗಂಟೆಗೆ ಅಕ್ಕನಿಗೆ ಫೋನ್ ಮಾಡಿದೆ. "ಈಗ ಬದಲಿಸೋಕೆ ಆಗಲ್ಲ ಕಣೋ, ಜಡ್ಜ್‌ಗಳು ಆಗಲೇ ಓದಿರ್ತಾರೆ. ಕನ್ನಡದ ಪ್ರತಿ ಯಾವ ಪುಟದಲ್ಲಿದೆ ನೋಡ್ಕೋ. ಪಿಡಿಎಫ್ ಪುಟ ನೋಡ್ಕೋ, ಕಾಗದದ್ದಲ್ಲ" ಅಂದರು. ಈ ಪಿಡಿಎಫ್ ಪುಟದ ವಿಷಯ ಸಣ್ಣದು ಅನಿಸಬಹುದು. ನ್ಯಾಯಮೂರ್ತಿಗಳು ಪರದೆಯ ಮೇಲೆ ಓದುತ್ತಾರೆ, ಶುರುವಿನ ಹಾಳೆಗಳೆಲ್ಲ ಸೇರಿ ಪಿಡಿಎಫ್ ಸಂಖ್ಯೆ ಬೇರೆಯೇ ಆಗಿರುತ್ತೆ. ಕಾಗದದ ಪುಟ 112 ಅಂದರೆ ಅವರಿಗೆ ಬೇರೆ ಏನೋ ಕಾಣುತ್ತೆ, ನಿಮಗೆ ಸಿಕ್ಕ ಸಮಯದಲ್ಲಿ ಹದಿನೈದು ಸೆಕೆಂಡು ಅಲ್ಲೇ ಹೋಯಿತು. ಆವತ್ತಿನಿಂದ ನಾನು ಎರಡೂ ಸಂಖ್ಯೆಗಳನ್ನು ಚೀಟಿ ಮೇಲೆ ಬರೆದಿಟ್ಟುಕೊಳ್ಳುತ್ತೇನೆ.

ಸೋಮವಾರ ಮತ್ತು ಶುಕ್ರವಾರ ಹೊಸ ಕೇಸುಗಳ ದಿನ, ನಮ್ಮವರ ಬಾಯಲ್ಲಿ 'ಮಿಸಲೇನಿಯಸ್ ಡೇ'. ಮಧ್ಯದ ದಿನಗಳು ಎದುರಿನವರಿಗೆ ನೋಟಿಸ್ ಹೋದ ಕೇಸುಗಳಿಗೆ, ದೀರ್ಘ ವಾದಗಳಿಗೆ. ಈ ಹಂಚಿಕೆ ಸುತ್ತೋಲೆಗಳಲ್ಲಿ ಆಗಾಗ ಬದಲಾಗುತ್ತೆ, ಹೊರಡುವ ಮುಂಚೆ ನೋಡಿಕೊಳ್ಳಿ. ಮೊದಲು ಅಡ್ವಾನ್ಸ್ ಲಿಸ್ಟ್ ಬರುತ್ತೆ, ಅದನ್ನು ನಂಬಿ ವಿಮಾನದ ಟಿಕೆಟ್ ಮಾಡಬೇಡಿ. ಆ ದಿನದ ಕೇಸುಗಳ ಕೊನೆಯ ಪಟ್ಟಿ, ಅಂದರೆ ಕಾಸ್ ಲಿಸ್ಟ್‌ನಲ್ಲಿ ನಂಬರ್ ನೋಡಿದ ಮೇಲೆಯೇ ಖಾತ್ರಿ. ಅದರ ಮೇಲೆ ಸಪ್ಲಿಮೆಂಟರಿ ಲಿಸ್ಟ್ ಬೇರೆ. ನಮ್ಮದು ಸೋಮವಾರ, ಎರಡು ನ್ಯಾಯಮೂರ್ತಿಗಳ ಪೀಠ, ಐಟಂ 43. ಎದುರಿನವರು ಕೇವಿಯಟ್ ಹಾಕಿದ್ದರು, ಅಂದರೆ ನಮ್ಮನ್ನು ಕೇಳದೆ ಆದೇಶ ಮಾಡಬೇಡಿ ಅಂತ ಮೊದಲೇ ಅರ್ಜಿ ಕೊಟ್ಟಿದ್ದರು, ಹಾಗಾಗಿ ಮೊದಲ ದಿನವೇ ಅವರ ಸೀನಿಯರ್ ವಕೀಲರು ಹಾಜರು.

ಕೋರ್ಟ್ ಕೂರೋದು 10:30ಕ್ಕೆ. ಯಜಮಾನರಿಗೆ ಮಗ 'ಸುಸ್ವಾಗತಂ' ಪೋರ್ಟಲ್‌ನಲ್ಲಿ ಪಾಸ್ ಮಾಡಿಸಿದ್ದ. ಕಾರಿಡಾರಿನಲ್ಲಿ ಡಿಸ್‌ಪ್ಲೇ ಬೋರ್ಡ್ ನೋಡುತ್ತಾ ನಿಂತೆವು. ಒಂದೊಂದು ಕೋರ್ಟಿನಲ್ಲಿ ಯಾವ ಐಟಂ ನಡೀತಿದೆ ಅಂತ ಅದರಲ್ಲಿ ಬರುತ್ತಾ ಇರುತ್ತೆ. ಐಟಂ 9 ಇಪ್ಪತ್ತು ನಿಮಿಷ ನಿಂತಿತು. ಆಮೇಲೆ 10, 11, 12 ಒಂದೇ ಉಸಿರಿಗೆ ಹೋದವು. ಇದನ್ನು ಯಾವ ಲೆಕ್ಕದಲ್ಲೂ ಹಿಡಿಯೋಕೆ ಆಗಲ್ಲ, ಆದ್ದರಿಂದ ಕಾಫಿಗೆ ಹೋಗಬೇಡಿ. ಕೂಗಿದಾಗ ವಕೀಲ ಇಲ್ಲದಿದ್ದರೆ ಜೂನಿಯರ್ ಎದ್ದು ಪಾಸ್‌ಓವರ್ ಕೇಳಬಹುದು, ಆಗ ಕೇಸು ಪಟ್ಟಿಯ ಕೊನೆಗೆ ಹೋಗುತ್ತೆ. ಕೊಡಲೇಬೇಕು ಅಂತೇನಿಲ್ಲ.

ಕಾಯುವಾಗ ಯಜಮಾನರಿಗೆ ಕೇಶವಾನಂದ ಭಾರತಿ ಕೇಸಿನ ಕಥೆ ಹೇಳಿದೆ. ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ ಹಾಕಿದ್ದು, 13 ನ್ಯಾಯಮೂರ್ತಿಗಳ ಮುಂದೆ 68 ದಿನ ವಾದ ನಡೆದು, 1973ರ ಏಪ್ರಿಲ್ 24ರಂದು 7-6ರಲ್ಲಿ ತೀರ್ಪು ಬಂತು. "ನಮ್ದು ಎಷ್ಟು ದಿನ ಸಾ?" ಅಂದರು. ಎರಡು ನಿಮಿಷ ಸಿಕ್ಕರೆ ಪುಣ್ಯ ಅಂದೆ. ತಮಾಷೆ ಅಂದುಕೊಂಡು ನಕ್ಕರು.

12:40ಕ್ಕೆ 43. ಈ ಸಲ ದಾವೆ ಯಾವಾಗ ಹೂಡಿದ್ದು ಅಂತ ಹೇಳಲಿಲ್ಲ. ಬರೆದು ಬಾಯಿಪಾಠ ಮಾಡಿದ್ದ ಒಂದೇ ವಾಕ್ಯ: ಕಾನೂನಿನ ಪ್ರಶ್ನೆ ರೂಪಿಸದೆ ಎರಡನೇ ಮೇಲ್ಮನವಿ ಒಪ್ಪಿದ್ದಾರೆ, ತೀರ್ಪು ಪಿಡಿಎಫ್ ಪುಟ 31ರಿಂದ, ಎಲ್ಲೂ ಪ್ರಶ್ನೆ ಇಲ್ಲ. ಹೇಳಿ ಬಾಯಿ ಮುಚ್ಚಿದೆ. ಅದು ತುಂಬಾ ಕಷ್ಟ, ನಿಜವಾಗಲೂ. ಇಬ್ಬರೂ ತಲೆ ತಗ್ಗಿಸಿ ಪರದೆ ನೋಡಿದರು, ಪರಸ್ಪರ ಏನೋ ಮಾತಾಡಿಕೊಂಡರು. ಆಮೇಲೆ ಕಿರಿಯ ನ್ಯಾಯಮೂರ್ತಿ ಕೇಳಿಯೇಬಿಟ್ಟರು: ಈ ಪಾರ್ಟಿಷನ್ ಡೀಡ್ ರಿಜಿಸ್ಟರ್ ಆಗಿದೆಯಾ?

ಇಲ್ಲ ಅಂತ ಹೇಳಿದೆ. ಅದು ಡೀಡ್ ಅಲ್ಲ, ಅನುವಾದದಲ್ಲಿ ತಪ್ಪಾಗಿದೆ, ಮೂಲದಲ್ಲಿ 'ಪಾಲುಪಟ್ಟಿ' ಅಂತ ಇದೆ, ಪಿಡಿಎಫ್ ಪುಟ 139, ಮೊದಲ ಸಾಲಿನಲ್ಲೇ 'ಈಗಾಗಲೇ ಪಾಲಾಗಿರುವಂತೆ' ಅನ್ನುವ ಮಾತಿದೆ ಅಂದೆ. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಹಿರಿಯರು ಎದುರಿನ ಸೀನಿಯರ್ ಕಡೆ ತಿರುಗಿ, ಆ ಸಾಲು ಇದೆಯಾ ಅಂತ ಕೇಳಿದರು. ಅವರ ಪಕ್ಕದಲ್ಲಿದ್ದ ನಮ್ಮೂರಿನ ಕಡೆಯ ಜೂನಿಯರ್ ಹುಡುಗ ಓದಿ ಕಿವಿಯಲ್ಲಿ ಹೇಳಿದ. ಸೀನಿಯರ್ ದೊಡ್ಡ ಮನುಷ್ಯರು, ಇದೆ ಅಂತ ಒಪ್ಪಿಕೊಂಡು, ಅದರ ಅರ್ಥದ ಬಗ್ಗೆ ಮಾತ್ರ ನಮ್ಮ ತಕರಾರು ಅಂದರು.

"ಇಶ್ಯೂ ನೋಟಿಸ್. ಸ್ಟೇಟಸ್ ಕೋ." ಅಷ್ಟೇ. ಅಂದರೆ ಎದುರಿನವರಿಗೆ ನೋಟಿಸ್, ಅಲ್ಲಿಯವರೆಗೆ ಎಲ್ಲ ಈಗಿದ್ದ ಹಾಗೇ ಇರಲಿ. ಯಜಮಾನರು ಹೊರಗೆ ಬಂದು "ಮುಗೀತಾ ಸಾ? ನನ್ನ ಹೆಸರೇ ಹೇಳ್ಲಿಲ್ವಲ್ಲ" ಅಂದರು.

ಕೊನೆಯ ವಾದ ಬಂದಿದ್ದು ಸುಮಾರು ಒಂದೂವರೆ ವರ್ಷದ ಮೇಲೆ. ಮಧ್ಯೆ ಎರಡು ಸಲ ಪಟ್ಟಿಗೆ ಬಂದು ನಮ್ಮ ಐಟಂ ಮುಟ್ಟುವಷ್ಟರಲ್ಲಿ ನಾಲ್ಕು ಗಂಟೆಯಾಗಿ ಕೋರ್ಟ್ ಎದ್ದಿತ್ತು. ಒಂದು ಸಲ ಖರ್ಚು ಉಳಿಸೋಕೆ ಬೆಂಗಳೂರಿನಿಂದಲೇ ವಿಡಿಯೋದಲ್ಲಿ ಹಾಜರಾದೆ. ವಿಡಿಯೋ ಬರೀ ದಿನಾಂಕ ಕೇಳೋಕೆ ಸಾಕು. ವಾದಕ್ಕೆ ಬೇಡ. ನ್ಯಾಯಮೂರ್ತಿಗಳ ಮುಖ ನೋಡದೆ ಯಾವಾಗ ನಿಲ್ಲಿಸಬೇಕು ಅಂತ ಗೊತ್ತಾಗಲ್ಲ. ಸಂವಿಧಾನ ಪೀಠದ ಕೇಸುಗಳಲ್ಲಾದರೆ ಎರಡೂ ಕಡೆಯ ಕಡತ ಜೋಡಿಸುವ ವಕೀಲರನ್ನು, ಅಂದರೆ ನೋಡಲ್ ಕೌನ್ಸೆಲ್ ಅನ್ನು ನೇಮಿಸಿ, ಯಾರಿಗೆ ಎಷ್ಟು ಹೊತ್ತು ಅಂತ ಮೊದಲೇ ಹಂಚುತ್ತಾರೆ. 2022ರ ಸೆಪ್ಟೆಂಬರ್‌ನಿಂದ ಅವು ಲೈವ್ ಕೂಡ ಬರುತ್ತವೆ. ದೊಡ್ಡ ವಕೀಲರು ಪ್ರಶ್ನೆ ಬಂದಾಗ ಹೇಗೆ ನಿಲ್ಲುತ್ತಾರೆ ಅಂತ ನೋಡೋಕೆ ನಾನು ಅವನ್ನು ಊಟದ ಹೊತ್ತಿನಲ್ಲಿ ಹಾಕಿಕೊಂಡು ಕೂರುತ್ತೇನೆ.

ನಮಗೆ ಕೊನೆಯ ದಿನ ಸಿಕ್ಕಿದ್ದು ಇಪ್ಪತ್ತೈದು ನಿಮಿಷ. ಅದರಲ್ಲಿ ನಾನು ಮಾತಾಡಿದ್ದು ಆರೇಳು ನಿಮಿಷ ಇರಬಹುದು, ಉಳಿದದ್ದೆಲ್ಲ ಎದುರಿನ ಸೀನಿಯರ್‌ಗೆ ಕೇಳಿದ ಪ್ರಶ್ನೆಗಳು. ಲೀವ್, ಅಂದರೆ ಅಪೀಲಿಗೆ ಅನುಮತಿ ಕೊಟ್ಟು, ಹೈಕೋರ್ಟ್ ತೀರ್ಪು ರದ್ದು ಮಾಡಿ, ಕಾನೂನಿನ ಪ್ರಶ್ನೆ ರೂಪಿಸಿ ಮತ್ತೆ ಕೇಳಿ ಅಂತ ವಾಪಸ್ ಕಳಿಸಿದರು. ಪಾಲುಪಟ್ಟಿ ಬಗ್ಗೆ ಒಂದಕ್ಷರ ಹೇಳಲಿಲ್ಲ, ಅದನ್ನೂ ಹೈಕೋರ್ಟೇ ನೋಡಲಿ ಅಂದರು.

ಮೆಟ್ಟಿಲಿಳಿಯುತ್ತಾ ಯಜಮಾನರಿಗೆ ಗೆದ್ದೆವು ಅಂತ ಹೇಳಿದೆ.

"ಹಂಗಾದ್ರೆ ತೋಟ ನಂದೇನಾ ಸಾ?"

"ಸದ್ಯಕ್ಕೆ ನಿಮ್ಮದೇ ಯಜಮಾನ್ರೇ. ಮತ್ತೆ ಬೆಂಗಳೂರಲ್ಲಿ ವಾದ ಮಾಡಬೇಕು."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬೆಂಗ್ಳೂರಾದ್ರೆ ಬೆಳಿಗ್ಗೆ ರೈಲಿಗೆ ಬಂದು ಸಂಜೆ ವಾಪಸ್ ಹೋಗ್ಬೋದು ಬಿಡಿ" ಅಂದು ಚೀಲದಿಂದ ಕೊಬ್ಬರಿ ಮಿಠಾಯಿ ಡಬ್ಬಿ ತೆಗೆದು, ಮೊದಲು ಅಕ್ಕನ ಗುಮಾಸ್ತನಿಗೆ ಕೊಟ್ಟರು.