ಸ್ಥಳೀಯ ರಾಕ್ ರೇಡಿಯೋ ಕೇಂದ್ರವೊಂದರ ಇತಿಹಾಸವನ್ನು ಬರೆಯುವ ಬಗೆ

ಅಮೆರಿಕದ ಯಾವುದಾದರೂ ಊರಿನ ರಾಕ್ ರೇಡಿಯೋ ಕೇಂದ್ರದ ಇತಿಹಾಸವನ್ನು ಬರೆಯಲು ಹೊರಡುವವರು, ತಾವು ನಿಜವಾಗಿ ಯಾವುದರ ಇತಿಹಾಸವನ್ನು ಬರೆಯುತ್ತಿದ್ದೇವೆ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು. ಕೇಳುಗರ ನೆನಪಿನಲ್ಲಿ ಅಖಂಡವಾಗಿರುವ ಕೇಂದ್ರವು ದಾಖಲೆಗಳಲ್ಲಿ ಪರವಾನಗಿ, ಕಂಪನಾಂಕ, ಹೆಸರಾಗಿ ಬಳಸುವ ಇಂಗ್ಲಿಷ್ ಅಕ್ಷರಗಳು, ಸಂಗೀತದ ಧಾಟಿ ಎಂದು ಬಿಡಿಬಿಡಿಯಾಗಿರುತ್ತದೆ, ಮತ್ತು ಇವೆಲ್ಲ ಒಂದೇ ಸಲಕ್ಕೆ ಬದಲಾಗುವುದು ಅಪರೂಪ. 1967ರ ಏಪ್ರಿಲ್‌ನಲ್ಲಿ ರೇಡಿಯೋ ನಿರೂಪಕ ಟಾಮ್ ಡೊನಹ್ಯೂ ಸ್ಯಾನ್ ಫ್ರಾನ್ಸಿಸ್ಕೋದ ಕೆಎಂಪಿಎಕ್ಸ್ ಕೇಂದ್ರದಲ್ಲಿ ನಿರೂಪಕರೇ ಹಾಡುಗಳನ್ನು ಆರಿಸಿಕೊಳ್ಳುವ ಮುಕ್ತ ಪ್ರಸಾರವನ್ನು ಆರಂಭಿಸಿದರು. ಮರುವರ್ಷದ ಮಾರ್ಚ್‌ನಲ್ಲಿ ಸಿಬ್ಬಂದಿ ಮುಷ್ಕರ ಹೂಡಿ, ಬಳಿಕ ಅವರಲ್ಲಿ ಅನೇಕರು ಕೆಎಸ್ಎಎನ್ ಕೇಂದ್ರವನ್ನು ಸೇರಿದರು. ಇಂಥಲ್ಲಿ ಬರಹಗಾರರು ದನಿಗಳ, ಅಂದರೆ ಕೇಂದ್ರ ಬದಲಿಸಿದ ನಿರೂಪಕರ, ಬೆನ್ನು ಹತ್ತುವುದೇ ಸರಿ ಎಂಬುದು ನನ್ನ ಅಭಿಪ್ರಾಯ, ಆದರೆ ಪರವಾನಗಿಯ ಕಾಲಾನುಕ್ರಮವನ್ನು ಕೈಬಿಡದೆ.

ಆ ಕಾಲಾನುಕ್ರಮವನ್ನು ಸಂದರ್ಶನಗಳಿಗಿಂತ ಮೊದಲೇ ಸಿದ್ಧಪಡಿಸಿಕೊಳ್ಳಬೇಕು. ರೇಡಿಯೋ ಪರವಾನಗಿ ನೀಡುವ ಅಮೆರಿಕದ ಫೆಡರಲ್ ಸಂಪರ್ಕ ಆಯೋಗವು ಪ್ರತಿ ಕೇಂದ್ರಕ್ಕೂ ಇಟ್ಟಿದ್ದ ಇತಿಹಾಸ ಚೀಟಿಗಳಲ್ಲಿ ಮಾಲೀಕತ್ವ, ಪ್ರಸಾರ ಸಾಮರ್ಥ್ಯ ಮತ್ತು ಹೆಸರಿನ ಬದಲಾವಣೆಗಳು 1980ರ ದಶಕದ ಆರಂಭದವರೆಗೆ ದಿನಾಂಕಸಹಿತ ದಾಖಲಾಗಿವೆ. ಕೇಂದ್ರವು 1960ರ ದಶಕದ ಕೊನೆಯಲ್ಲಿ ರಾಕ್‌ಗೆ ತಿರುಗಿದ್ದರೆ, ಅದೇ ಮಾಲೀಕರಿಗೆ ಎಎಂ ಕೇಂದ್ರವೂ ಇತ್ತೇ ಎಂದು ತಪ್ಪದೆ ನೋಡಿ. ಒಂದು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಎಫ್‌ಎಂ ಕೇಂದ್ರಗಳು ತಮ್ಮ ಎಎಂ ಕೇಂದ್ರದ ಕಾರ್ಯಕ್ರಮಗಳನ್ನೇ ಅರ್ಧಕ್ಕಿಂತ ಹೆಚ್ಚು ಹೊತ್ತು ಮರುಪ್ರಸಾರ ಮಾಡಬಾರದೆಂದು ಆಯೋಗವು 1964ರಲ್ಲಿ ನಿಯಮ ಮಾಡಿತು. ಅದು ಜಾರಿಗೆ ಬರುತ್ತಿದ್ದಂತೆ ಖಾಲಿ ಹೊತ್ತನ್ನು ಕಡಿಮೆ ಖರ್ಚಿನಲ್ಲಿ ತುಂಬಬೇಕಾಗಿ ಬಂದದ್ದರಿಂದ, ದೀರ್ಘ ಹಾಡುಗಳ ಆಲ್ಬಂಗಳಿಗೂ ಯುವ ನಿರೂಪಕರಿಗೂ ಅಲ್ಲಿ ಜಾಗ ದೊರೆಯಿತು.

ಕಾಗದಗಳು ಕಾಯಬಲ್ಲವು, ಟೇಪುಗಳು ಕಾಯಲಾರವು. ಹಳೆಯ ನಿರೂಪಕರ ಮನೆಗಳಲ್ಲಿ ಏರ್‌ಚೆಕ್ ಎಂದು ಕರೆಯಲಾಗುವ, ಪ್ರಸಾರದ ಧ್ವನಿಮುದ್ರಣಗಳು ಉಳಿದಿರುತ್ತವೆ. ಅವುಗಳಲ್ಲಿ ಅನೇಕವು ಮೈಕ್ ತೆರೆದಾಗ ಮಾತ್ರ ಟೇಪು ಓಡುವಂತೆ ಮಾಡಿದವಾದ್ದರಿಂದ, ಮಾತು ಸಿಕ್ಕರೂ ಹಾಡುಗಳು ಸಿಗುವುದಿಲ್ಲ. ಸುರುಳಿ ಟೇಪು ಕೈಗೆ ಬಂದೊಡನೆ ಅದನ್ನು ನುಡಿಸಲು ಹೋಗಬೇಡಿ. ಸುರುಳಿಯನ್ನು ಬೆಳಕಿಗೆ ಹಿಡಿದಾಗ ಬೆಳಕು ಹಾಯ್ದು ಬಂದರೆ ಅದು ಅಸಿಟೇಟ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್‌ನ ಟೇಪು ಆಗಿರುವ ಸಂಭವ ಹೆಚ್ಚು, ವಿನಿಗರ್ ವಾಸನೆಯಿದ್ದರೆ ಅದು ಕೆಡಲು ತೊಡಗಿದೆ ಎಂದರ್ಥ. 1970 ಮತ್ತು 80ರ ದಶಕಗಳ ಹಲವು ಪಾಲಿಯೆಸ್ಟರ್ ಟೇಪುಗಳ ಅಂಟು ತೇವ ಹೀರಿ ಜಿಗುಟಾಗಿ, ನುಡಿಸುವಾಗ ಕಾಂತೀಯ ಲೇಪವೇ ಕಿತ್ತುಬರುತ್ತದೆ. ಅಂಥವನ್ನು ತಜ್ಞರು ಸುಮಾರು 50ರಿಂದ 55 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಕಾಯಿಸಿ, ಆ ಗುಣ ಉಳಿದಿರುವ ಅಲ್ಪಾವಧಿಯೊಳಗೆ ನಕಲು ಮಾಡಿಕೊಳ್ಳುತ್ತಾರೆ. ಅಸಿಟೇಟ್ ಟೇಪಿಗೆ ಈ ಉಪಚಾರ ಸಲ್ಲದು. ನಕಲನ್ನು 96 ಕಿಲೋಹರ್ಟ್ಜ್, 24 ಬಿಟ್‌ನ ವೇವ್ (WAV) ಧ್ವನಿ ಕಡತವಾಗಿ ಇಟ್ಟುಕೊಂಡರೆ ಮತ್ತೆ ಮೂಲವನ್ನು ಮುಟ್ಟಬೇಕಾಗಿ ಬರುವ ಸಂದರ್ಭ ಕಡಿಮೆ.

ಸಂದರ್ಶನಕ್ಕೆ ಹೋಗುವಾಗ ಕಾಲಾನುಕ್ರಮದ ಪ್ರತಿಯನ್ನೂ ಒಂದೆರಡು ಧ್ವನಿಮುದ್ರಣಗಳನ್ನೂ ಒಯ್ಯಿರಿ, ಏಕೆಂದರೆ ತಮ್ಮದೇ ದನಿಯನ್ನು ಕೇಳಿದವರು ಬರಿಯ ಪ್ರಶ್ನೆಗೆ ಹೇಳದ ವಿವರಗಳನ್ನು ಹೇಳುತ್ತಾರೆ. ನಿರೂಪಕರಷ್ಟೇ ಸಾಲದು, ಜಾಹೀರಾತು ಮಾರಿದವರು, ಪ್ರಸಾರ ಗೋಪುರವನ್ನು ನೋಡಿಕೊಂಡ ಎಂಜಿನಿಯರ್, ರಾತ್ರಿ ದೂರವಾಣಿ ಎತ್ತುತ್ತಿದ್ದವರು ಕೂಡ ಬೇಕು. ಯಾವ ಹಾಡುಗಳು ಪ್ರಸಾರವಾದವು ಎಂಬುದಕ್ಕೆ ಮಾತ್ರ ನೆನಪನ್ನು ನಂಬದೆ, ಕೇಂದ್ರದ ಹಾಡುಪಟ್ಟಿಗಳನ್ನೂ ರೆಕಾರ್ಡುಗಳ ಹೊದಿಕೆಯ ಮೇಲೆ ನಿರೂಪಕರು ಬರೆದಿಟ್ಟ ಟಿಪ್ಪಣಿಗಳನ್ನೂ ಆಧಾರವಾಗಿಟ್ಟುಕೊಳ್ಳಿ.

ಕೇಂದ್ರ ಕೈಬದಲಾದ ಅಧ್ಯಾಯದಲ್ಲಿ ಕೋಪ ಸಹಜವಾದರೂ ಅಲ್ಲಿ ದಿನಾಂಕಗಳೇ ಮಾತಾಡಲಿ. 1996ರ ದೂರಸಂಪರ್ಕ ಕಾಯ್ದೆಯು ದೇಶದಲ್ಲಿ ಒಬ್ಬರು ಹೊಂದಬಹುದಾದ ಕೇಂದ್ರಗಳ ಮಿತಿಯನ್ನು ತೆಗೆದುಹಾಕಿತು. ನಿಮ್ಮ ಕೇಂದ್ರದ ಮಾರಾಟ ಅದಕ್ಕೆ ಮೊದಲೋ ಆಮೇಲೋ ಎಂಬುದನ್ನು ಖಚಿತಪಡಿಸಿಕೊಂಡೇ ಕಾರಣ ಬರೆಯಿರಿ. ಧ್ವನಿಮುದ್ರಣಗಳನ್ನು ಸಾರ್ವಜನಿಕರ ಮುಂದಿಡುವ ಮುನ್ನ, ನಿರೂಪಕರು ಕೊಟ್ಟ ಒಪ್ಪಿಗೆ ಅವುಗಳಲ್ಲಿರುವ ಹಾಡುಗಳಿಗೆ ಅನ್ವಯಿಸುವುದಿಲ್ಲವಾದ್ದರಿಂದ, ಹಾಡುಗಳ ಹಕ್ಕುದಾರರ ಅನುಮತಿಯನ್ನು ಪ್ರತ್ಯೇಕವಾಗಿ ಪಡೆಯಬೇಕು.